ಜನವರಿಯ ವೆನಿಸ್: ಮೆಸ್ತ್ರೆಯಲ್ಲಿ ಮೂರು ರಾತ್ರಿ, ದ್ವೀಪದಲ್ಲಿ ಮೂರು ರಾತ್ರಿ

ವೆನಿಸ್‌ಗೆ ಹೊರಟವರೆಲ್ಲರಿಗೂ ಎದುರಾಗುವ ಮೊದಲ ಪ್ರಶ್ನೆ ರಾತ್ರಿ ಎಲ್ಲಿ ತಂಗಬೇಕು ಎಂಬುದು. ನೀರಿನ ನಡುವಿನ ಹಳೆಯ ನಗರದಲ್ಲೇ ರೂಮು ಹಿಡಿಯಬೇಕೇ, ಇಲ್ಲವೇ ಸುಮಾರು 4 ಕಿಲೋಮೀಟರ್ ಉದ್ದದ ಸೇತುವೆಯಾಚೆ, ನೆಲದ ಮೇಲಿರುವ ಮೆಸ್ತ್ರೆಯಲ್ಲಿ ಅಗ್ಗದ ರೂಮು ಹಿಡಿದು ದಿನವೂ ಹೋಗಿಬರಬೇಕೇ? ಬೇಸಿಗೆಯಲ್ಲಿ ಹೋಗಿಬಂದ ನನ್ನ ಗೆಳೆಯರೆಲ್ಲ ಮೆಸ್ತ್ರೆಯೇ ಜಾಣತನ ಎಂದಿದ್ದರು. ಚಳಿಗಾಲದಲ್ಲೂ ಆ ಲೆಕ್ಕ ಹಾಗೆಯೇ ನಿಲ್ಲುತ್ತದೆಯೇ ಎಂದು ನೋಡುವ ಅವಕಾಶ ನನಗೆ ಒದಗಿದ್ದು, ತೀರ್ಥಹಳ್ಳಿಯಿಂದ ಬಂದು ಮ್ಯೂನಿಕ್‌ನ ನಮ್ಮ ಮನೆಯಲ್ಲಿ ಮೂರು ತಿಂಗಳಿದ್ದ ಅಮ್ಮನನ್ನು ಕರೆದುಕೊಂಡು ಜನವರಿಯ ಎರಡನೆಯ ವಾರದಲ್ಲಿ ಅಲ್ಲಿಗೆ ಹೋದಾಗ. ಆರು ರಾತ್ರಿಗಳನ್ನು ಬೇಕೆಂದೇ ಎರಡಾಗಿ ಹಂಚಿ, ಮೊದಲ ಮೂರನ್ನು ಮೆಸ್ತ್ರೆ ನಿಲ್ದಾಣದ ಹತ್ತಿರದ ಒಂದು ಹೊಟೇಲಿನಲ್ಲೂ ಉಳಿದ ಮೂರನ್ನು ದ್ವೀಪದ ಕನ್ನರೇಜೊ ಭಾಗದ ಒಂದು ಹಳೆಯ ಕಟ್ಟಡದಲ್ಲೂ ಕಳೆದೆವು.

ಜನವರಿಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿತ್ತು. ಜನವರಿ 6ರ ಕ್ರೈಸ್ತ ಹಬ್ಬ ಮುಗಿದ ಮೇಲೆ, ಮುಖವಾಡಗಳ ಹಬ್ಬವಾದ ಕಾರ್ನಿವಲ್ ಶುರುವಾಗುವವರೆಗಿನ ಕೆಲವು ವಾರಗಳಲ್ಲಿ ಈ ನಗರ ತನ್ನ ಪಾಡಿಗೆ ತಾನು ಉಸಿರಾಡಿಕೊಂಡಿರುತ್ತದೆ. ಹಗಲು ಬಂದು ಸಂಜೆಗೆ ಮರಳುವವರಿಂದ ವಸೂಲು ಮಾಡುವ ಪ್ರವೇಶ ಶುಲ್ಕವನ್ನು 2024ರಲ್ಲಿ 29 ದಿನ, 2025ರಲ್ಲಿ 54 ದಿನ ಜಾರಿಗೊಳಿಸಿದ್ದರಾದರೂ ಆ ದಿನಗಳೆಲ್ಲವೂ ಏಪ್ರಿಲ್‌ನಿಂದ ಜುಲೈವರೆಗಿನವು. ಹಾಗಾಗಿ ಜನವರಿಯಲ್ಲಿ ಹಗಲಿಗಷ್ಟೇ ಬಂದುಹೋಗುವವನಿಗೂ ಆ ತಲೆನೋವಿಲ್ಲ. ಸಾನ್ ಮಾರ್ಕೊ ಬಸಿಲಿಕಾ ಎಂಬ ದೊಡ್ಡ ಚರ್ಚಿನ ಮುಂದೆ ಸರತಿ ಸಾಲು ಎಂಬುದೇ ಇರಲಿಲ್ಲ. ಎಂಟು ಸಾವಿರ ಚದರ ಮೀಟರಿಗೂ ಮೀರಿದ ಅದರ ಹೊನ್ನಿನ ಮೊಸಾಯಿಕ್ಕಿನ ಕೆಳಗೆ ಕತ್ತೆತ್ತಿ ನಿಂತ ಅಮ್ಮನನ್ನು ಮುಂದೆ ಸರಿಯಿರಿ ಎಂದು ಯಾರೂ ತಳ್ಳಲಿಲ್ಲ.

ಮೆಸ್ತ್ರೆಯ ವಿಷಯಕ್ಕೆ ಬರೋಣ. ದಿನಕ್ಕೆ 58 ಯೂರೋ ಕೊಟ್ಟ ಆ ರೂಮಿನ ಬಗ್ಗೆ ನನ್ನದೊಂದೂ ದೂರಿಲ್ಲ: ಲಿಫ್ಟು ಇತ್ತು, ಸ್ನಾನಕ್ಕೆ ಬೇಕಾದಷ್ಟು ಬಿಸಿನೀರಿತ್ತು, ರೇಡಿಯೇಟರ್ ರಾತ್ರಿಯಿಡೀ ಬೆಚ್ಚಗಿರುತ್ತಿತ್ತು, ಪೆಟ್ಟಿಗೆಯನ್ನು ಪ್ಲಾಟ್‌ಫಾರ್ಮಿನಿಂದ ಬಾಗಿಲವರೆಗೆ ಒಂದೇ ಒಂದು ಮೆಟ್ಟಿಲು ಹತ್ತಿಸದೆ ಎಳೆದುಕೊಂಡು ಹೋದೆವು. ಅಲ್ಲಿಂದ ದ್ವೀಪದ ಸಾಂತಾ ಲೂಚಿಯಾ ನಿಲ್ದಾಣಕ್ಕೆ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ, ಟಿಕೆಟ್ಟು ಒಂದೂವರೆ ಯೂರೋ ಆಸುಪಾಸು. 1846ರಲ್ಲಿ ಕಟ್ಟಿದ ರೈಲು ಸೇತುವೆಯ ಪಕ್ಕದಲ್ಲೇ 1933ರ ರಸ್ತೆ ಸೇತುವೆಯೂ ಇರುವುದರಿಂದ ಬಸ್ಸಿಗೂ ಬರವಿಲ್ಲ. ಮೂರು ದಿನದ 45 ಯೂರೋ ಪಾಸು ಕೊಂಡರೆ ವಾಪೊರೆತ್ತೊ ಎಂಬ ದೋಣಿ ಬಸ್ಸಿನ ಜೊತೆಗೆ ಮೆಸ್ತ್ರೆಯ ಬಸ್ಸುಗಳಿಗೂ ಅದೇ ನಡೆಯುತ್ತದೆ. ಆ ಪಾಸಿಗೆ ರೈಲು ಮಾತ್ರ ಸೇರಿಲ್ಲವಾದ್ದರಿಂದ ನಾವು ಹೆಚ್ಚಾಗಿ 2ನೇ ನಂಬರಿನ ಬಸ್ಸನ್ನೇ ನೆಚ್ಚಿಕೊಂಡೆವು.

ಊಟದಲ್ಲಂತೂ ಮೆಸ್ತ್ರೆ ಗೆದ್ದಿತು, ಅದೂ ದೊಡ್ಡ ಅಂತರದಲ್ಲಿ. ಬಾಂಗ್ಲಾದೇಶದವರು ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದಾರೆ. ಪಕ್ಕದ ಮರ್ಗೇರಾದಲ್ಲಿ ಹಡಗು ಕಟ್ಟುವ ಕೆಲಸಕ್ಕೆಂದು ಬಂದವರೇ ಅವರಲ್ಲಿ ಹಲವರು. ನಿಲ್ದಾಣದ ಸುತ್ತಲಿನ ಬೀದಿಗಳಲ್ಲಿ ಅವರ ದಿನಸಿ ಅಂಗಡಿಗಳೂ ಸಣ್ಣ ಊಟದ ಮನೆಗಳೂ ಇವೆ. ಅನ್ನ, ಬೇಳೆ, ಎಣ್ಣೆಯಲ್ಲಿ ಹುರಿದ ಬದನೆಕಾಯಿ ಹೋಳುಗಳು ತಟ್ಟೆಗೆ ಬಿದ್ದಾಗ ಅಮ್ಮನ ಮುಖದ ಮೇಲೆ ಮೂಡಿದ ಸಮಾಧಾನವನ್ನು ಬಸಿಲಿಕಾದ ಒಳಗೂ ನಾನು ಕಂಡಿರಲಿಲ್ಲ. ಹೊರಡುವ ದಿನ ಅವರು ಅಂಗಡಿಯೊಂದರಲ್ಲಿ ಒಂದು ಹಿಡಿ ಹಸಿಮೆಣಸಿನಕಾಯಿ ಕೊಂಡು ಕೈಚೀಲದಲ್ಲಿಟ್ಟುಕೊಂಡರು. ಮುಂದಿನ ಮೂರು ದಿನ ದ್ವೀಪದಲ್ಲಿ ತಿಂದ ಪ್ರತಿಯೊಂದು ಪಿಜ್ಜಾದ ಮೇಲೂ ಅದು ಬಿತ್ತು. ದ್ವೀಪದಲ್ಲಿ ಸಸ್ಯಾಹಾರಿಗೆ ಪಿಜ್ಜಾ, ಪಾಸ್ತಾ, ಬ್ರೆಡ್ಡಿನ ತಿಂಡಿಗಳು ಬಿಟ್ಟರೆ ಆಯ್ಕೆ ಕಡಿಮೆ. ಸಾರಾಯಿ ಅಂಗಡಿಗಳ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಕಾಣುವ ಸಣ್ಣ ತಿನಿಸುಗಳಲ್ಲಿ ಬಹುಪಾಲು ಮೀನಿನವೇ. ಸಾಲದ್ದಕ್ಕೆ ಜನವರಿಯಲ್ಲಿ ಎಷ್ಟೋ ಊಟದ ಮನೆಗಳು ರಜೆಯ ಚೀಟಿ ಅಂಟಿಸಿ ಬಾಗಿಲು ಹಾಕಿರುತ್ತವೆ. ಪಟ್ಟಿ ಮಾಡಿಕೊಂಡು ಹೋಗಿದ್ದ ನಾಲ್ಕರಲ್ಲಿ ಮೂರರ ಮುಂದೆ ನಿಂತು ವಾಪಸಾದಾಗ ಅಮ್ಮ, "ಊರಿಗೆ ಊರೇ ಬಾಗಿಲು ಹಾಕ್ಕೊಂಡು ಮಲಗಿದ ಹಾಗಿದ್ಯಲ್ಲೋ" ಎಂದರು.

ಎರಡನೆಯ ದಿನ ಮಂಜು ಕವಿಯಿತು. ಆಗುಂಬೆಯ ಮಂಜನ್ನು ಕಂಡ ಅಮ್ಮನಿಗೆ ಅದರಲ್ಲಿ ಹೊಸತೇನೂ ಇರಲಿಲ್ಲ, ಆದರೆ ದೋಣಿಗಳನ್ನೇ ನೆಚ್ಚಿದ ಊರಿಗೆ ಅದು ಸಣ್ಣ ವಿಷಯವಲ್ಲ. ವಾಪೊರೆತ್ತೊಗಳು ಮಾರ್ಗ ಬದಲಿಸಿದವು, ನಾವು ಕಾದ ಜೆಟ್ಟಿಗೆ ಬರಬೇಕಾದದ್ದು ಬರಲೇ ಇಲ್ಲ, ಕೊನೆಗೆ ಸಾನ್ ಮಾರ್ಕೊದಿಂದ ಬಸ್ ನಿಲ್ದಾಣದವರೆಗೆ ಸೇತುವೆ ಹತ್ತಿ ಇಳಿದು ನಡೆದೇ ಹೋದೆವು. ರೈಲು ಬಸ್ಸುಗಳು ಎಂದಿನಂತೆಯೇ ಓಡುತ್ತಿದ್ದವು ಎಂಬುದು ಮೆಸ್ತ್ರೆಯ ಪರವಾದ ಮಾತು. ಆದರೆ ಆ ರೈಲು ಬಸ್ಸುಗಳನ್ನು ಮುಟ್ಟಲು ಅಮ್ಮನ ಮೊಣಕಾಲು ಮುಕ್ಕಾಲು ಗಂಟೆ ಸವೆಯಿತು. ಅದೇ ಸಂಜೆ ಕನ್ನರೇಜೊದಲ್ಲಿ ತಂಗಿದ್ದಿದ್ದರೆ ದಾರಿ ಅರ್ಧಕ್ಕೇ ಮುಗಿಯುತ್ತಿತ್ತಲ್ಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಚಳಿಗಾಲ ಈ ಹೋಲಿಕೆಯನ್ನು ಬುಡಮೇಲು ಮಾಡುವುದು ಇಲ್ಲಿಯೇ. ಬೇಸಿಗೆಯ ಪ್ರವಾಸಿ ಬೆಳಿಗ್ಗೆ ಬಂದು ರಾತ್ರಿಯವರೆಗೂ ಹೊರಗೇ ಇರಬಲ್ಲ. ಜನವರಿಯಲ್ಲಿ ಹಗಲಿನ ತಾಪಮಾನ ಸಾಮಾನ್ಯವಾಗಿ ಆರೇಳು ಡಿಗ್ರಿಯ ಆಸುಪಾಸು, ನೀರಿನ ಮೇಲಿಂದ ಬರುವ ತೇವದ ಗಾಳಿ ಅದನ್ನು ಇನ್ನೂ ಕಡಿಮೆ ಎನಿಸುವಂತೆ ಮಾಡುತ್ತದೆ, ಸೂರ್ಯ ಬೆಳಿಗ್ಗೆ ಎಂಟರ ಹೊತ್ತಿಗೆ ಹುಟ್ಟಿ ಸಂಜೆ ಐದಕ್ಕೆ ಮೊದಲೇ ಮುಳುಗಿರುತ್ತಾನೆ. ಎರಡು ಗಂಟೆ ಸುತ್ತಿದ ಮೇಲೆ ಎಲ್ಲಾದರೂ ಬೆಚ್ಚಗೆ ಕೂರಲೇಬೇಕು. ಕೂರುವುದೆಲ್ಲಿ? ಸಾನ್ ಮಾರ್ಕೊ ಚೌಕದ ಮೆಟ್ಟಿಲುಗಳ ಮೇಲೆ ಕೂರುವುದು ದಂಡ ಹಾಕುವ ಅಪರಾಧ, ಕಲ್ಲುಬೆಂಚುಗಳು ಒದ್ದೆ, ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ಬೆಲೆ, ಮೇಜಿನ ಮುಂದೆ ಕೂತು ಕುಡಿದರೆ ಅದರ ಎರಡು ಮೂರು ಪಟ್ಟು. ಸಾರ್ವಜನಿಕ ಶೌಚಾಲಯಕ್ಕೆ ಪ್ರತಿ ಸಲವೂ ಒಂದೂವರೆ ಯೂರೋ. ಚಳಿಯಲ್ಲಿ ವಯಸ್ಸಾದವರಿಗೆ ಅದು ದಿನಕ್ಕೆ ಒಂದು ಸಲದ ಖರ್ಚಲ್ಲ. ಮೆಸ್ತ್ರೆಯಲ್ಲಿದ್ದ ಮೂರು ದಿನವೂ ನಾವು ಮಧ್ಯಾಹ್ನ ರೂಮಿಗೆ ಹೋಗಿ ಬರುವ ಯೋಚನೆ ಮಾಡಿ, ಹೋದರೆ ಮತ್ತೆ ಬರುವುದಿಲ್ಲ ಎಂದು ಗೊತ್ತಿದ್ದುದರಿಂದ ಕೈಬಿಟ್ಟು, ಸಂಜೆ ಐದೂವರೆಗೆಲ್ಲ ಸೋತು ಬಸ್ಸು ಹತ್ತಿದೆವು. ದ್ವೀಪದ ಮೂರು ದಿನಗಳಲ್ಲಿ ಎರಡು ದಿನ ಮಧ್ಯಾಹ್ನ ರೂಮಿಗೆ ಹೋಗಿ ಒಂದು ಗಂಟೆ ಕಂಬಳಿಯೊಳಗಿದ್ದು, ನಾಲ್ಕಕ್ಕೆ ಎದ್ದು, ದೀಪ ಹತ್ತುವ ಹೊತ್ತಿಗೆ ಮತ್ತೆ ಹೊರಗಿದ್ದೆವು. ವೆನಿಸ್‌ನ ಬೀದಿದೀಪಗಳ ಗಾಜಿಗೆ ನಸುಗುಲಾಬಿ ಬಣ್ಣವಿದೆ ಎಂಬುದು ನನ್ನ ಗಮನಕ್ಕೆ ಬಂದದ್ದೇ ನಾಲ್ಕನೆಯ ದಿನ.

ಹಾಗೆಂದು ದ್ವೀಪದ ರೂಮು ಚೆನ್ನಾಗಿತ್ತು ಎಂದು ಹೇಳಿದರೆ ಸುಳ್ಳಾದೀತು. ದಿನಕ್ಕೆ 86 ಯೂರೋ. ಅದೇ ರೂಮಿಗೆ ಜೂನ್ ತಿಂಗಳಲ್ಲಿ ಇನ್ನೂರಕ್ಕಿಂತ ಹೆಚ್ಚು ತೋರಿಸುತ್ತಿತ್ತು. ಲಿಫ್ಟಿಲ್ಲದ ಎರಡನೆಯ ಮಹಡಿ, 41 ಮೆಟ್ಟಿಲು. ಗೋಡೆಗೆ ತೇವದ ವಾಸನೆ ಇತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ರೇಡಿಯೇಟರ್ ಆರಿಹೋಗಿ ಬೆಳಗಿನ ಆರರವರೆಗೆ ತಣ್ಣಗೆ ಬಿದ್ದಿರುತ್ತಿತ್ತು. ಕೇಳಿದ್ದಕ್ಕೆ ಇನ್ನೊಂದು ಕಂಬಳಿ ಕೊಟ್ಟರು, ಶಾಖ ಕೊಡಲಿಲ್ಲ. ರೂಮು ಹಿಡಿಯುವವರಿಗೆ ನನ್ನ ಒಂದು ಸೂಚನೆ: ಸಾಂತಾ ಲೂಚಿಯಾ ನಿಲ್ದಾಣದಿಂದ ಗುಲ್ಯೆ ಸೇತುವೆಯವರೆಗಿನ ದಾರಿಯಲ್ಲಿ ಬೇರೆ ಸೇತುವೆ ಸಿಗುವುದಿಲ್ಲ, ಆದ್ದರಿಂದ ಪೆಟ್ಟಿಗೆಯಿದ್ದವರು ಆ ಅಂತರದೊಳಗೆ ಅಥವಾ ನಮ್ಮಂತೆ ಅದರಾಚೆ ಹಳೆಯ ಯಹೂದಿ ಕೇರಿಯ ಹತ್ತಿರ ನೋಡಿಕೊಳ್ಳುವುದು ಒಳ್ಳೆಯದು. ನಾನೂರಕ್ಕೂ ಹೆಚ್ಚು ಸೇತುವೆಗಳಿರುವ ಊರಿನಲ್ಲಿ ಒಂದೇ ಸೇತುವೆ ದಾಟಿ ಮಂಚ ಸೇರುವುದು ಭಾಗ್ಯವೇ ಸರಿ. ಆ ಕೇರಿಯೂ ನೋಡತಕ್ಕದ್ದು; 1516ರಲ್ಲಿ ಯಹೂದಿಗಳನ್ನು ಒಂದೇ ಕಡೆ ಕೂಡಿಹಾಕಲು ಗೊತ್ತುಮಾಡಿದ ಜಾಗ ಅದು, ಘೆಟ್ಟೊ ಎಂಬ ಪದ ಜಗತ್ತಿಗೆ ಹೋದದ್ದು ಅಲ್ಲಿಂದಲೇ.

ಇಷ್ಟೆಲ್ಲ ಕೊರತೆಗಳ ನಡುವೆಯೂ ನನ್ನ ಮತ ದ್ವೀಪದ ಕಡೆ ವಾಲಿದ್ದು ಐದನೆಯ ದಿನದ ಬೆಳಿಗ್ಗೆ. ಚಳಿಗೆ ನಿದ್ದೆ ಬಾರದೆ ಆರೂವರೆಗೇ ಎದ್ದು ಇಬ್ಬರೂ ಹೊರಗೆ ಬಂದೆವು. ಇನ್ನೂ ಕತ್ತಲೆ. ಕಾಲುವೆಯಲ್ಲಿ ಕಸದ ದೋಣಿ ನಿಂತಿತ್ತು, ಅದರ ಹಿಂದೆ ತರಕಾರಿ ಕ್ರೇಟುಗಳ ದೋಣಿ. ಒಬ್ಬಾತ ಕ್ರೇಟುಗಳನ್ನು ಕೈಗಾಡಿಗೆ ಏರಿಸಿ ಸೇತುವೆಯ ಬುಡಕ್ಕೆ ತಂದ. ಆ ಗಾಡಿಗೆ ಎರಡು ದೊಡ್ಡ ಚಕ್ರಗಳಲ್ಲದೆ ಮುಂದುಗಡೆ ಎರಡು ಪುಟ್ಟ ಚಕ್ರಗಳಿದ್ದವು. ಪುಟ್ಟ ಚಕ್ರಗಳನ್ನು ಮೇಲಿನ ಮೆಟ್ಟಿಲಿಗೆ ಊರಿ, ಹಿಂದಿನಿಂದ ಎತ್ತಿ ದೂಡಿ, ಮತ್ತೆ ಊರಿ, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿಸುತ್ತ ಹೋದ. ಮನೆಯಲ್ಲಿ ಅಡಿಕೆ ಮೂಟೆ ಸಾಗಿಸುವುದನ್ನು ನೋಡುತ್ತಲೇ ಬೆಳೆದ ಅಮ್ಮ ಆ ಗಾಡಿ ಆಚೆ ಇಳಿಯುವವರೆಗೂ ಅಲ್ಲಾಡದೆ ನಿಂತು ನೋಡಿದರು. ಹಳೆಯ ನಗರದಲ್ಲಿ ಈಗ ನೆಲೆಸಿರುವವರು ಐವತ್ತು ಸಾವಿರಕ್ಕಿಂತ ಕಡಿಮೆ. ಅವರನ್ನು ನಾವು ನಿಜವಾಗಿ ಕಂಡದ್ದು ಬೆಳಗಿನ ಆ ಒಂದೂವರೆ ಗಂಟೆಯಲ್ಲೇ. ಮೆಸ್ತ್ರೆಯಲ್ಲಿದ್ದಾಗ ತಿಂಡಿ ಮುಗಿಸಿ ಬಸ್ಸು ಹಿಡಿದು ಹತ್ತು ಗಂಟೆಗೆ ತಲುಪುತ್ತಿದ್ದ ನಮಗೆ ಇದರ ಸುಳಿವೂ ಸಿಕ್ಕಿರಲಿಲ್ಲ.

ನೀರೇರುವ ಭಯದಿಂದ ಮೆಸ್ತ್ರೆ ಆರಿಸುವವರೂ ಇದ್ದಾರೆ. 1966ರ ನವೆಂಬರ್ 4ರಂದು 194 ಸೆಂಟಿಮೀಟರ್, 2019ರ ನವೆಂಬರ್ 12ರಂದು 187 ಸೆಂಟಿಮೀಟರ್ ನೀರೇರಿದ ಊರು ಇದು, ಭಯ ಸಹಜವೇ. ಆದರೆ 2020ರ ಅಕ್ಟೋಬರ್‌ನಿಂದ ಸಮುದ್ರದ ಮೂರು ಬಾಯಿಗಳಲ್ಲಿ ಮೋಸೆ ಎಂಬ ತಡೆಗಟ್ಟೆಯ 78 ಬಾಗಿಲುಗಳು ಕೆಲಸ ಮಾಡುತ್ತಿವೆ. ಸಾಮಾನ್ಯವಾಗಿ 110 ಸೆಂಟಿಮೀಟರಿನ ಮುನ್ಸೂಚನೆ ಬಂದರೆ ಅವುಗಳನ್ನು ಎತ್ತುತ್ತಾರೆ. ಅದಕ್ಕಿಂತ ಕೆಳಗಿನ ಏರಿಕೆಯಲ್ಲಿ ತಗ್ಗಿನಲ್ಲಿರುವ ಸಾನ್ ಮಾರ್ಕೊ ಚೌಕಕ್ಕೆ ನೀರು ಬರಬಹುದಾದರೂ ಕನ್ನರೇಜೊದ ನಮ್ಮ ಬೀದಿ ಒಣಗಿಯೇ ಇತ್ತು. ನೀರೇರಿದಾಗ ಜನ ನಡೆಯಲೆಂದು ಹಾಸುವ ನಡೆಹಲಗೆಗಳು ಚೌಕದ ಅಂಚಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂತೆಯೇ ಇದ್ದವು.

ಇನ್ನು ಹಣದ ಮಾತು. ಮೆಸ್ತ್ರೆಯಲ್ಲಿ ಇಬ್ಬರಿಗೆ ಮೂರು ರಾತ್ರಿಯ ರೂಮಿಗೆ 174, ಪಾಸುಗಳಿಗೆ 90, ಎರಡು ಸಲದ ರೈಲಿಗೆ 6, ಒಟ್ಟು 270 ಯೂರೋ. ದ್ವೀಪದಲ್ಲಿ ರೂಮಿಗೆ 258. ಬುರಾನೊ ದ್ವೀಪಕ್ಕೆ ಹೋದ ದಿನ ಒಂದು ದಿನದ ಪಾಸು ಇಬ್ಬರಿಗೂ ಸೇರಿ 50, ಇನ್ನೊಂದು ಸಂಜೆ ಕಾಲು ಸೋತಾಗ ಬಿಡಿ ಟಿಕೆಟ್ಟು ತಲಾ ಒಂಬತ್ತೂವರೆಯಂತೆ 19, ಒಟ್ಟು 327. ಮಿಕ್ಕಂತೆ ನಡೆದೇ ಓಡಾಡಿದೆವು. ಹೆಚ್ಚಾದದ್ದು 57 ಯೂರೋ, ಅಂದರೆ ಐದಾರು ಸಾವಿರ ರೂಪಾಯಿ. ಬೇಸಿಗೆಯ ದರದಲ್ಲಿ ಈ ಅಂತರ ಇಷ್ಟಕ್ಕೆ ನಿಲ್ಲುತ್ತಿರಲಿಲ್ಲ, ಆಗ ನಾನೂ ಮೆಸ್ತ್ರೆಗೇ ಹೋಗುತ್ತಿದ್ದೆ. ಕಾರ್ನಿವಲ್ ವಾರಗಳಲ್ಲೂ ಹಾಗೆಯೇ. ಆ ಹಬ್ಬದ ದಿನಾಂಕ ಈಸ್ಟರ್ ಜೊತೆ ಹಿಂದೆ ಮುಂದೆ ಸರಿಯುತ್ತದೆಯಾದ್ದರಿಂದ ಟಿಕೆಟ್ಟು ಕೊಳ್ಳುವ ಮೊದಲು ಆ ವರ್ಷದ ತಾರೀಖನ್ನು ನೋಡಿಕೊಳ್ಳಬೇಕು. ಹತ್ತಿರದ ಪಾದುವಾ ನಗರದಲ್ಲಿ ತಂಗುವುದು ಮೂರನೆಯ ದಾರಿ ಎನ್ನುವವರಿದ್ದಾರೆ. ಹಳೆಯ ಕಾಲದ ಚಿತ್ರಕಾರ ಜೊತ್ತೊ ಚಿತ್ರಿಸಿದ ಪ್ರಾರ್ಥನಾ ಮಂದಿರವಿರುವ ಆ ಊರು ತನ್ನದೇ ಒಂದು ದಿನವನ್ನು ಬೇಡುವಂಥದ್ದು, ವೆನಿಸ್‌ಗೆ ಹಾಸಿಗೆಯಾಗಿ ಮಾತ್ರ ಬಳಸುವುದು ನನಗೆ ಸರಿಕಾಣಲಿಲ್ಲ.

ಕೊನೆಯ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ರೈಲಿಗೆ ಎರಡು ಗಂಟೆ ಸಮಯವಿದ್ದುದರಿಂದ ಉತ್ತರದ ದಂಡೆಯಾದ ಫೊಂದಮೆಂತೆ ನೊವೆಗೆ ನಡೆದು ಹೋದೆವು. ಎದುರಿಗೆ ಸಾನ್ ಮಿಕೇಲೆ ಎಂಬ ಸ್ಮಶಾನ ದ್ವೀಪದ ಇಟ್ಟಿಗೆ ಗೋಡೆ, ಅದರ ಹಿಂದೆ ನೀರು, ನೀರಿನ ಆಚೆ ದೂರದಲ್ಲಿ ಸಾಲುಗಟ್ಟಿದ ಹಿಮದ ಬೆಟ್ಟಗಳು. ಬೇಸಿಗೆಯ ಮಬ್ಬಿನಲ್ಲಿ ಕಾಣದ ಆ ಸಾಲು ಚಳಿಗಾಲದ ಇಂಥ ದಿನಗಳಲ್ಲಿ ನಗರದ ಬೆನ್ನಿಗೇ ಅಂಟಿದಂತೆ ಎದ್ದು ಕಾಣುತ್ತದೆ. ದ್ವೀಪ ವಾಸಿಯೋ ಮೆಸ್ತ್ರೆ ವಾಸಿಯೋ ಎಂದು ಅಲ್ಲೇ ಅಮ್ಮನನ್ನು ಕೇಳಿದೆ. ಅವರು ಬೆಟ್ಟದಿಂದ ಕಣ್ಣು ಕೀಳದೆ, "ನೋಡ್ಲಿಕ್ಕೆ ಇದೇ ಸರಿ ಮಾರಾಯ, ಮಲಗ್ಲಿಕ್ಕೆ ಆ ಬೆಚ್ಚಗಿನ ರೂಮೇ" ಎಂದರು.