ಟಕ್ ಟಕ್ ಎನ್ನುವ ಬಾಟಮ್ ಬ್ರಾಕೆಟ್: ಗ್ರೀಸೋ, ಟೆಫ್ಲಾನ್ ಟೇಪೋ, ಆ್ಯಂಟಿ-ಸೀಜೋ?

ಸೈಕಲಿನಲ್ಲಿ ಉಡುಪಿಯ ಇಂದ್ರಾಳಿ ದಾಟಿ ಮಣಿಪಾಲದ ಏರು ಹಿಡಿದೊಡನೆ ಪ್ರತಿ ತುಳಿತಕ್ಕೂ ‘ಟಕ್’ ಎಂದು ಸದ್ದು ಬಂದರೆ ಬಾಟಮ್ ಬ್ರಾಕೆಟಿನ (ಪೆಡಲ್ ತೋಳುಗಳ ಅಚ್ಚು ಫ್ರೇಮಿನಲ್ಲಿ ತಿರುಗುವ ಜಾಗ) ಬೇರಿಂಗ್ ಹೋಯಿತೆಂದು ಹೊಸದು ಕೊಳ್ಳಲು ಓಡಬೇಡಿ. ಬೇರಿಂಗ್ ಸವೆದರೆ ಸದ್ದು ಗರಗರ; ಚೈನ್ ಇಳಿಸಿ ಕ್ರ್ಯಾಂಕನ್ನು (ಪೆಡಲ್ ಕೂರುವ ತೋಳು) ಕೈಯಲ್ಲಿ ತಿರುಗಿಸಿದರೆ ಮರಳು ಅರೆದ ಹಾಗೆ ಗೊತ್ತಾಗುತ್ತದೆ. ಟಕ್ ಎನ್ನುವ ಸದ್ದು ಹೆಚ್ಚಾಗಿ ಬೇರಿಂಗನ್ನು ಹಿಡಿದು ಫ್ರೇಮಿಗೆ ತಿರುಚಿ ಕೂರುವ ಕಪ್ಪಿನ ಥ್ರೆಡ್ಡಿನದು: ಗ್ರೀಸ್ ತೊಳೆದುಹೋಗಿ ಲೋಹಕ್ಕೆ ಲೋಹ ಉಜ್ಜುತ್ತಿರುತ್ತದೆ. ಆದರೂ ಬಿಚ್ಚುವ ಮೊದಲು ಎದ್ದು ನಿಂತು ತುಳಿಯಿರಿ. ಸದ್ದು ನಿಂತರೆ ತಪ್ಪು ಸೀಟಿನದು ಅಥವಾ ಸೀಟ್‌ಪೋಸ್ಟಿನದು. ಪೆಡಲ್ ಮತ್ತು ಚೈನ್‌ರಿಂಗ್ (ಮುಂದಿನ ಹಲ್ಲುಚಕ್ರ) ಬೋಲ್ಟ್‌ಗಳನ್ನೂ ಬಿಗಿ ಮಾಡಿ ನೋಡಿ.

ಗ್ರೀಸ್, ಟೇಪು, ಆ್ಯಂಟಿ-ಸೀಜ್ ಮೂರನ್ನೂ ನಾವು ಹೋಲಿಸಿದ್ದು ಅಲ್ಯೂಮಿನಿಯಂ ಫ್ರೇಮಿನಲ್ಲಿ, 68 ಮಿ.ಮೀ. ಶೆಲ್ಲಿನ (ಕಪ್ಪುಗಳು ಕೂರುವ ಫ್ರೇಮಿನ ಕೊಳವೆ), ಥ್ರೆಡ್ ಇರುವ, ಬೇರಿಂಗ್ ಹೊರಗೆ ಕೂರುವ ಕಪ್ಪುಗಳಲ್ಲಿ. ಚೈನ್ ಇರುವ ಬಲಬದಿಯ ಕಪ್ಪಿಗೆ ಉಲ್ಟಾ ಥ್ರೆಡ್. ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಇದು ಮರೆತು ಉದ್ದ ಪೈಪು ಹಾಕಿ ಎಳೆದರೆ ಫ್ರೇಮಿನ ಥ್ರೆಡ್ಡೇ ಕಿತ್ತು ಬರುತ್ತದೆ.

ಯಾವುದನ್ನು ಹಚ್ಚುವುದಾದರೂ ಅರ್ಧ ಕೆಲಸ ಶುಚಿಯದೇ. ಹಳೆ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಥ್ರೆಡ್ಡಿನ ಸಾಲುಸಾಲಾಗಿ ಉಜ್ಜಿ. ಮಲ್ಪೆ, ಪಣಂಬೂರು ಕಡೆ ಓಡಿದ ಸೈಕಲಾದರೆ ಮೊದಲು ಕರಿ ರಾಡಿ, ಅದರೊಳಗೆ ಮರಳು, ಕೊನೆಗೆ ಸಾಲಿನ ತಳದಲ್ಲಿ ಕಚ್ಚಿಕೊಂಡ ಬಿಳಿ ಪುಡಿ ಬರುತ್ತದೆ. ಆ ಬಿಳಿ ಪುಡಿ ಉಪ್ಪುಗಾಳಿಗೆ ಸವೆದ ಅಲ್ಯೂಮಿನಿಯಂ. ಅದನ್ನು ಬಿಟ್ಟು ಮೇಲೆ ಏನು ಹಚ್ಚಿದರೂ ವಾರದಲ್ಲಿ ಸದ್ದು ಮರಳುತ್ತದೆ. ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ಒರೆಸಿ, ಒಣಗಿಸಿ.

ಮಾಮೂಲಿ ಲಿಥಿಯಂ ಗ್ರೀಸ್ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಬೇಸಿಗೆಗೆ ಸಾಕು. ಆದರೆ ಜೂನ್ ಜುಲೈಯಲ್ಲಿ ದಿನಾ ನೆನೆಯುವ ಸೈಕಲಿನಲ್ಲಿ ಅದು ಹಾಲಿನಂತೆ ಬೆಳ್ಳಗಾಗಿ ತೊಳೆದುಹೋಯಿತು. ನೀರಿಗೆ ಕರಗದ ಮರೈನ್ ಗ್ರೀಸ್ ಇದಕ್ಕಿಂತ ಎಷ್ಟೋ ಮೇಲು.

ಪ್ಲಂಬರ್‌ಗಳ ಬಿಳಿ ಟೆಫ್ಲಾನ್ ಟೇಪು ಬೇರೆಯದೇ ತೊಂದರೆಗೆ ಮದ್ದು. ಥ್ರೆಡ್ ಸವೆದು ಕಪ್ ಕೈಯಲ್ಲೇ ಸಡಿಲವಾಗಿ ಓಡುವಷ್ಟಾಗಿದ್ದರೆ ಎರಡು ಸುತ್ತು ಟೇಪು ಆ ಸಂದು ತುಂಬುತ್ತದೆ, ಸದ್ದು ತಟ್ಟನೆ ನಿಲ್ಲುತ್ತದೆ. ಕಪ್ ಒಳಹೋಗುವ ದಿಕ್ಕಿಗೇ ಬಿಗಿಯಾಗುವಂತೆ ಸುತ್ತಬೇಕು. ಉಲ್ಟಾ ಸುತ್ತಿದರೆ ಸುಕ್ಕಾಗಿ ಹೊರಬರುತ್ತದೆ. ಥ್ರೆಡ್ ಚೆನ್ನಾಗಿದ್ದರೆ ಇದು ಬೇಡ. ಪ್ರತಿ ಸಲ ಬಿಚ್ಚಿದಾಗಲೂ ಚೂರುಗಳನ್ನು ಸೂಜಿಯಲ್ಲಿ ಕೆದಕಬೇಕು.

ಕರಾವಳಿಗೆ ನಮ್ಮ ಆಯ್ಕೆ ತಾಮ್ರದ ಆ್ಯಂಟಿ-ಸೀಜ್, ಅಂದರೆ ಲೋಹ ಲೋಹಕ್ಕೆ ಕಚ್ಚದಂತೆ ಹಚ್ಚುವ ಪೇಸ್ಟ್. ನೀರಿಗೆ ಸುಲಭವಾಗಿ ಜಗ್ಗುವುದಿಲ್ಲ. ಅದಕ್ಕಿಂತ ದೊಡ್ಡ ಲಾಭ, ಮಳೆಗಾಲ ಕಳೆದು ಬಿಚ್ಚುವಾಗ ಕಪ್ ಫ್ರೇಮಿಗೆ ಕಚ್ಚಿಕೊಂಡಿರುವುದಿಲ್ಲ. ಥ್ರೆಡ್ಡಿನ ತುಂಬ ತೆಳುವಾಗಿ, ಕಪ್ಪಿನ ಅಂಚು ಶೆಲ್ಲಿಗೆ ಕೂರುವ ಮುಖಕ್ಕೂ ಒಂದು ಪದರ ಹಚ್ಚಿ. ಆ ಮುಖ ಒಣಗಿದ್ದರೂ ಟಕ್ ಎನ್ನುತ್ತದೆ, ಹೆಚ್ಚಿನವರು ಅದನ್ನೇ ಬಿಡುತ್ತಾರೆ. ಇದು ಜಾರು ಹೆಚ್ಚಿಸುವುದರಿಂದ ಇಂಥ ಶಿಮಾನೋ ಕಪ್ಪುಗಳಿಗೆ ಹೇಳಿರುವ 35ರಿಂದ 50 ನ್ಯೂಟನ್ ಮೀಟರ್ ಬಿಗಿತದಲ್ಲಿ ಕೆಳಗಿನ ಅಂಕಿಯ ಹತ್ತಿರ ನಿಲ್ಲಿಸಿ. ಎಡ ಕ್ರ್ಯಾಂಕಿನ ಎರಡು ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ 12ರಿಂದ 14 ನ್ಯೂಟನ್ ಮೀಟರಿಗೆ ತನ್ನಿ.

ಥ್ರೆಡ್ ಇಲ್ಲದೆ ಒತ್ತಿ ಕೂರಿಸುವ ಪ್ರೆಸ್‌ಫಿಟ್‌ಗೆ ಈ ಲೆಕ್ಕ ಹೊಂದದು. ಪ್ಲಾಸ್ಟಿಕ್ ಕಪ್ಪಾದರೆ ಗ್ರೀಸ್ ಮಾತ್ರ. ಲೋಹದ ಕಪ್ಪು, ಲೋಹದ ಶೆಲ್ಲು ಎರಡೂ ಇದ್ದು ಗ್ರೀಸಿಗೆ ಸದ್ದು ಬಗ್ಗದಿದ್ದರೆ ಲಾಕ್‌ಟೈಟ್ 609ರಂಥ ರಿಟೈನಿಂಗ್ ಕಾಂಪೌಂಡ್ (ಲೋಹದ ಭಾಗಗಳನ್ನು ಹಿಡಿದಿಡುವ ಅಂಟು). ಜಿಡ್ಡು ಪೂರ್ತಿ ತೆಗೆದು ಹಚ್ಚಿ, 24 ಗಂಟೆ ಮುಟ್ಟಬೇಡಿ.

ಕಪ್ ಬಿಚ್ಚಿದಾಗಲೇ ಶೆಲ್ಲಿನ ಅಡಿಯ ಸಣ್ಣ ತೂತು ನೋಡಿ. ಸೀಟ್‌ಪೋಸ್ಟಿನಿಂದ ಇಳಿದ ಮಳೆನೀರು ಹೊರಹೋಗಬೇಕಾದ ದಾರಿ ಅದು. ಕೆಂಪು ಮಣ್ಣು ಮೆತ್ತಿದ್ದರೆ ತಂತಿ ಹಾಕಿ ಬಿಡಿಸಿ.