ಬ್ಯೂಟಿಷಿಯನ್ ಕೋರ್ಸ್: ಅಕಾಡೆಮಿ, ಐಟಿಐ, ಆರ್‌ಸೆಟಿ, ಪಾರ್ಲರ್ – ಇಂಗ್ಲಿಷ್ ಅಷ್ಟಾಗಿ ಬಾರದವರಿಗೆ ಯಾವುದು ಸರಿ?

ಮೊದಲೇ ಹೇಳಿಬಿಡುತ್ತೇನೆ: ನನ್ನ ಓಟು ಆರ್‌ಸೆಟಿಯ (ಬ್ಯಾಂಕುಗಳು ನಡೆಸುವ ಸ್ವ-ಉದ್ಯೋಗ ತರಬೇತಿ ಕೇಂದ್ರ) ಉಚಿತ ತರಬೇತಿಗೆ, ಅದರ ಬೆನ್ನಿಗೇ ಗಿರಾಕಿ ಜಾಸ್ತಿ ಇರುವ ಒಂದು ಪಾರ್ಲರ್‌ನಲ್ಲಿ ಆರು ತಿಂಗಳ ಕೆಲಸಕ್ಕೆ. ಕನ್ನಡ ಮೀಡಿಯಂನಲ್ಲಿ ಎಸ್‌ಎಸ್‌ಎಲ್‌ಸಿಯೋ ಪಿಯುಸಿಯೋ ಮುಗಿಸಿ, ಖರ್ಚಿಗೆ ಇಪ್ಪತ್ತು-ಮೂವತ್ತು ಸಾವಿರ ಮಾತ್ರ ಇಟ್ಟುಕೊಂಡು, ಮಂಡ್ಯ-ಮೈಸೂರಿನ ಸುತ್ತಮುತ್ತಲೇ ದುಡಿಯಬೇಕೆಂದಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆ ಬರೆದಿದ್ದೇನೆ. ದುಬೈಗೆ ಹೋಗಬೇಕು, ಹಡಗಿನ ಸ್ಪಾದಲ್ಲಿ ಕೆಲಸ ಬೇಕು ಅನ್ನುವವರ ಲೆಕ್ಕವೇ ಬೇರೆ. ಅದನ್ನು ಕೊನೆಗೆ ನೋಡೋಣ.

ಬ್ರಾಂಡ್ ಅಕಾಡೆಮಿ

ಫೀಸು ಐವತ್ತು ಸಾವಿರದ ಆಸುಪಾಸಿನಿಂದ ಶುರುವಾಗಿ ಮೇಕಪ್, ಹೇರ್, ಸ್ಕಿನ್ ಮೂರೂ ಸೇರಿದರೆ ಒಂದೂವರೆ-ಎರಡು ಲಕ್ಷದವರೆಗೂ ಏರುತ್ತದೆ. ಬಾಯಲ್ಲಿ ಹೇಳುವ ಮೊತ್ತದ ಮೇಲೆ ಶೇ 18 ಜಿಎಸ್‌ಟಿ ಬೇರೆ ಬೀಳುತ್ತದೆ. ಕಿಟ್ ಅದರಲ್ಲೇ ಸೇರಿದೆಯೋ ಇಲ್ಲವೋ ಎಂಬುದನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಏಸಿ ಕೋಣೆ, ಒಳ್ಳೆಯ ಕುರ್ಚಿ, ಒಳ್ಳೆಯ ಬೆಳಕು ಎಲ್ಲವೂ ಇವೆ. ತೊಂದರೆ ಬೇರೆ ಕಡೆ.

ಅಡ್ಮಿಷನ್ ಮಾಡಿಸುವವರು ಅಚ್ಚುಕಟ್ಟಾದ ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡು ಕಟ್ಟಿದ ಮೇಲೆ ಕೈಗೆ ಬರುವ ಫೈಲು ಮಾತ್ರ ಪೂರ್ತಿ ಇಂಗ್ಲಿಷ್. ಟ್ರೈನರ್ ಹೊರ ರಾಜ್ಯದವರಾದರೆ ಪಾಠ ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ಕೈ ನೋಡಿ ಕಲಿಯುವ ಕೆಲಸ ತಾನೇ, ಭಾಷೆ ಯಾಕೆ ಅನ್ನಿಸಬಹುದು. ಥ್ರೆಡಿಂಗ್, ವ್ಯಾಕ್ಸಿಂಗ್‌ಗೆ ಆ ಮಾತು ನಿಜ. ಕೆಮಿಕಲ್ ಕೆಲಸಕ್ಕೆ ಬಂದ ಕೂಡಲೇ ಸುಳ್ಳಾಗುತ್ತದೆ.

ಕೂದಲಿಗೆ ಬಣ್ಣ ಹಾಕುವ ಪಾಠವನ್ನೇ ತಗೊಳ್ಳಿ. ಬಣ್ಣದ ಕ್ರೀಮಿಗೆ ಬೆರೆಸುವ ಡೆವಲಪರ್ 10, 20, 30, 40 ವಾಲ್ಯೂಮ್ ಎಂಬ ಶಕ್ತಿಗಳಲ್ಲಿ ಬರುತ್ತದೆ. ಅವುಗಳಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಕ್ರಮವಾಗಿ ಶೇ 3, 6, 9, 12. ನರೆ ಮುಚ್ಚಲು ಸಾಮಾನ್ಯವಾಗಿ 20 ಸಾಕು. ಕೂದಲು ಎರಡು-ಮೂರು ಛಾಯೆ ತಿಳಿಯಾಗಬೇಕಾದರೆ 30 ಬೇಕು. 40 ಅನ್ನು ನೆತ್ತಿಗೆ ತಾಗಿಸಲೇಬಾರದು. ಕ್ರೀಮಿಗೂ ಡೆವಲಪರ್‌ಗೂ ಬೆರೆಸುವ ಅಳತೆ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ: ಒಂದರದ್ದು 1:1, ಇನ್ನೊಂದರದ್ದು 1:1.5, ತೀರಾ ತಿಳಿ ಬಣ್ಣಗಳದ್ದು 1:2. ಅಂದರೆ 60 ಗ್ರಾಂ ಟ್ಯೂಬ್‌ಗೆ 60 ಮಿಲಿಯೋ, 90 ಮಿಲಿಯೋ, 120 ಮಿಲಿಯೋ ಅನ್ನುವುದು ಡಬ್ಬಿಯೊಳಗಿನ ಮಡಿಕೆ ಹಾಳೆಯಲ್ಲಿದೆ. ಅದಿರುವುದು ಸಣ್ಣಕ್ಷರದ ಇಂಗ್ಲಿಷ್‌ನಲ್ಲಿ.

ಅಂಕಿಯನ್ನು ಯಾರು ಬೇಕಾದರೂ ಓದುತ್ತಾರೆ. ಅಂಕಿಯ ಅಕ್ಕಪಕ್ಕದ ಮಾತಿನಲ್ಲೇ ಎಡವಟ್ಟಾಗುವುದು. ಬಣ್ಣವನ್ನು ತೊಳೆಯದ ಒಣ ಕೂದಲಿಗೆ ಹಚ್ಚಬೇಕೋ, ಶಾಂಪೂ ಮಾಡಿ ಟವೆಲ್‌ನಲ್ಲಿ ಒತ್ತಿದ ಕೂದಲಿಗೋ? ಬಹಳಷ್ಟು ಪರ್ಮನೆಂಟ್ ಬಣ್ಣಗಳಿಗೆ ಒಣ ಕೂದಲೇ ಬೇಕು, ನೆತ್ತಿಯ ಜಿಡ್ಡು ಚರ್ಮಕ್ಕೆ ರಕ್ಷಣೆ. ಅದನ್ನು ತಿಕ್ಕಿ ತೊಳೆದು ಬಣ್ಣ ಹಚ್ಚಿದರೆ ಗಿರಾಕಿಗೆ ಉರಿ ಹತ್ತುತ್ತದೆ. ‘30 ನಿಮಿಷದವರೆಗೆ’ ಎಂದಿರುವುದನ್ನು ‘30 ನಿಮಿಷ ಆದ ಮೇಲೆ’ ಎಂದುಕೊಂಡರೆ ಕೂದಲೇ ಹೋಗುತ್ತದೆ. ಪಿಪಿಡಿ ಎಂಬ ರಾಸಾಯನಿಕ ಇರುವ ಡೈಗೆ 48 ಗಂಟೆ ಮುಂಚೆ ಕಿವಿಯ ಹಿಂದೆಯೋ ಮೊಣಕೈ ಒಳಮಡಿಕೆಯಲ್ಲೋ ಪ್ಯಾಚ್ ಟೆಸ್ಟ್ (ಅಲರ್ಜಿ ಪರೀಕ್ಷೆ) ಮಾಡಬೇಕೆಂದು ಅದೇ ಹಾಳೆ ಹೇಳುತ್ತದೆ. ಓದದವರು ಮಾಡುವುದಿಲ್ಲ. ಓದಿದವರೂ ಎಷ್ಟೋ ಸಲ ಮಾಡುವುದಿಲ್ಲ, ಅದು ಬೇರೆ ಮಾತು.

ಕೂದಲನ್ನು ಕೆಮಿಕಲ್‌ನಿಂದ ನೆಟ್ಟಗೆ ಮಾಡುವ ರಿಬಾಂಡಿಂಗ್‌ನದ್ದು ಇನ್ನೂ ಕಷ್ಟ. ಮೊದಲ ಕ್ರೀಮನ್ನು ಎಷ್ಟು ಹೊತ್ತು ಬಿಡಬೇಕು ಎಂಬುದು ಕೂದಲು ಸಹಜವೋ, ಬಣ್ಣ ಹಾಕಿದ್ದೋ, ಮುಂಚೆಯೇ ಹಾಳಾದದ್ದೋ ಎಂಬುದರ ಮೇಲೆ ನಿಂತಿದೆ. ಟ್ಯೂಬುಗಳೂ ಆ ಪ್ರಕಾರವೇ ಬೇರೆ ಬೇರೆ. ಹೆಸರು ನೋಡದೆ ಡಬ್ಬಿಯ ಬಣ್ಣ ನೋಡಿ ಎತ್ತಿಕೊಂಡರೆ ಆಯಿತು, ಎಳೆ ಜಗ್ಗಿದಾಗ ಚ್ಯೂಯಿಂಗ್ ಗಮ್ಮಿನ ಹಾಗೆ ಉದ್ದಕ್ಕೆ ಬರುತ್ತದೆ. ಆ ಹಂತಕ್ಕೆ ಹೋದ ಕೂದಲನ್ನು ಯಾವ ಸ್ಪಾ ಕ್ರೀಮೂ ಸರಿ ಮಾಡುವುದಿಲ್ಲ, ಕತ್ತರಿಸಬೇಕು ಅಷ್ಟೇ. ಎಲ್ಲಕ್ಕಿಂತ ಮುಂಚೆ ಒಂದು ಎಳೆಯ ಮೇಲೆ ಪರೀಕ್ಷೆ ಮಾಡಿ, ಐದೈದು ನಿಮಿಷಕ್ಕೆ ಜಗ್ಗಿ ನೋಡುತ್ತಿರಬೇಕು.

ಅಕಾಡೆಮಿ ಈ ಕಷ್ಟವನ್ನು ಬಗೆಹರಿಸುವ ಬದಲು ಇದರ ಮೇಲೊಂದು ಥಿಯರಿ ಪರೀಕ್ಷೆ ಇಡುತ್ತದೆ. ಚರ್ಮದ ಪದರ, ಕೂದಲಿನ ರಚನೆ, ಯಾವ ಕಾಯಿಲೆ ಇದ್ದರೆ ಫೇಶಿಯಲ್ ಮಾಡಬಾರದು, ಹೀಗೆ ವಿಷಯ ಒಳ್ಳೆಯದೇ. ಆದರೆ ಉತ್ತರ ಇಂಗ್ಲಿಷ್‌ನಲ್ಲಿ ಬರೆಯಬೇಕು. ಕೈಕೆಲಸದಲ್ಲಿ ಮುಂದಿರುವ ಹುಡುಗಿಯರು ಇಲ್ಲೇ ಹಿಂದೆ ಬೀಳುವುದು. ಮರುಪರೀಕ್ಷೆಗೆ ಮತ್ತೆ ಫೀಸು ಕೇಳುವ ಕಡೆಗಳೂ ಇವೆ.

ಇದಕ್ಕೆ ಎಲ್ಲಿ ಕಲಿತರೂ ನಡೆಯುವ ಉಪಾಯ ಒಂದಿದೆ: ಇನ್ನೂರು ಪುಟದ ಒಂದು ನೋಟ್‌ಬುಕ್. ಒಂದು ಪ್ರಾಡಕ್ಟ್‌ಗೆ ಒಂದು ಪುಟ. ಮೇಲೆ ಡಬ್ಬಿಯ ಹೆಸರನ್ನು ಇಂಗ್ಲಿಷ್‌ನಲ್ಲಿ ಇರುವ ಹಾಗೇ ಅಕ್ಷರ ಅಕ್ಷರವಾಗಿ ನಕಲು ಮಾಡಿ. ಕೆಳಗೆ ಕನ್ನಡದಲ್ಲಿ ಐದೇ ಸಾಲು: ಕೂದಲು ಅಥವಾ ಚರ್ಮ ಒಣಗಿರಬೇಕೋ ಒದ್ದೆಯೋ, ಬೆರೆಸುವ ಅಳತೆ, ಕನಿಷ್ಠ ಮತ್ತು ಗರಿಷ್ಠ ನಿಮಿಷ, ಹೇಗೆ ತೆಗೆಯಬೇಕು, ಯಾರಿಗೆ ಮಾಡಬಾರದು. ಪ್ರತಿ ಪುಟವನ್ನೂ ಟ್ರೈನರ್ ಮುಂದೆ ಜೋರಾಗಿ ಓದಿ ಸರಿ ಮಾಡಿಸಿಕೊಳ್ಳಿ. ಫೋನ್ ಕ್ಯಾಮೆರಾ ಹಿಡಿದು ಅನುವಾದ ಮಾಡಿಸಿಕೊಳ್ಳಬಹುದು, ಆದರೆ ಸಣ್ಣಕ್ಷರದಲ್ಲಿ ಒಂದು ‘ಬೇಡ’ ತಪ್ಪಿಹೋದರೆ ಅರ್ಥ ಪೂರ್ತಿ ತಿರುಗುತ್ತದೆ. ಆ ಕನ್ನಡವನ್ನೇ ನಂಬಿ ಗಿರಾಕಿಯ ತಲೆಗೆ ಕೈ ಹಾಕಬೇಡಿ. ಈ ಕೆಲಸದಲ್ಲಿ ಮತ್ತೆ ಮತ್ತೆ ಬರುವ ಇಂಗ್ಲಿಷ್ ಪದಗಳು ನೂರು ದಾಟುವುದಿಲ್ಲ. ನೋಟ್‌ಬುಕ್ ಅರ್ಧ ತುಂಬುವಷ್ಟರಲ್ಲಿ ಅವು ಬಾಯಿಗೆ ಬಂದಿರುತ್ತವೆ.

ಇನ್ನೊಂದು ವಿಷಯ: ಅಭ್ಯಾಸಕ್ಕೆ ‘ಮಾಡೆಲ್’ಗಳನ್ನು ನೀವೇ ಕರೆತರಬೇಕೆನ್ನುವ ಅಕಾಡೆಮಿಗಳಿವೆ. ಮದ್ದೂರಿನಿಂದಲೋ ನಾಗಮಂಗಲದಿಂದಲೋ ಬರುವವರು ವಾರಕ್ಕೆರಡು ಸಲ ಯಾರನ್ನು ಕರೆತರುತ್ತಾರೆ? ಸೇರುವ ಮುಂಚೆಯೇ ಕೇಳಿ.

ಐಟಿಐ

ಕಾಸ್ಮೆಟಾಲಜಿ ಟ್ರೇಡ್ ಒಂದು ವರ್ಷದ್ದು, ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು. ಸರ್ಕಾರಿ ಸೀಟು ಸಿಕ್ಕರೆ ಫೀಸು ಅಕಾಡೆಮಿಯ ಮುಂದೆ ಏನೇನೂ ಅಲ್ಲ. ಕೊನೆಯಲ್ಲಿ ಅಖಿಲ ಭಾರತ ಮಟ್ಟದ ಟ್ರೇಡ್ ಪರೀಕ್ಷೆ, ಪಾಸಾದರೆ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್. ಮುಂದೆ ತರಬೇತುದಾರರಾಗಬೇಕೆಂದರೆ ಸಿಐಟಿಎಸ್ (ತರಬೇತುದಾರರನ್ನು ತಯಾರು ಮಾಡುವ ಕೋರ್ಸು) ಮಾಡಲು ದಾರಿ ತೆರೆಯುವುದು ಇದೇ. ಅಕಾಡೆಮಿಯ ಫ್ರೇಮ್ ಹಾಕಿದ ಡಿಪ್ಲೊಮಾಕ್ಕೆ ಆ ಬೆಲೆ ಇಲ್ಲ.

ಆದರೆ ಒಂದು ವರ್ಷ, ಶೇ 80 ಹಾಜರಾತಿ. ಮನೆಯಲ್ಲಿ ದುಡಿಮೆಗೆ ಕಾಯುತ್ತಿರುವವರಿಗೆ ಅದು ದೊಡ್ಡ ಅವಧಿ. ವಯಸ್ಸು ಹದಿನಾರು-ಹದಿನೇಳಿದ್ದು, ಅಪ್ಪ-ಅಮ್ಮ ಒಂದು ವರ್ಷ ಓದಿಸುತ್ತೇವೆ ಅಂದರೆ ಎರಡು ಮಾತಿಲ್ಲದೆ ಐಟಿಐ. ಇಪ್ಪತ್ತೈದು ದಾಟಿ, ಸಂಸಾರವೂ ಇದ್ದರೆ ಮುಂದಿನದನ್ನು ನೋಡಿ.

ಆರ್‌ಸೆಟಿ

1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ದೇಶದ ಜಿಲ್ಲೆ ಜಿಲ್ಲೆಗಳಲ್ಲೂ ಬ್ಯಾಂಕುಗಳು ನಡೆಸುತ್ತಿರುವ ತರಬೇತಿ ಕೇಂದ್ರಗಳಿವು. ಬ್ಯೂಟಿ ಪಾರ್ಲರ್ ಮ್ಯಾನೇಜ್‌ಮೆಂಟ್ ಸುಮಾರು ಒಂದು ತಿಂಗಳ ಕೋರ್ಸು. ಫೀಸಿಲ್ಲ, ಊಟ-ವಸತಿಯೂ ಅವರದ್ದೇ. ಗ್ರಾಮೀಣ ಭಾಗದವರಿಗೆ, ಅದರಲ್ಲೂ ಬಿಪಿಎಲ್ ಕುಟುಂಬದವರಿಗೆ ಮೊದಲ ಆದ್ಯತೆ, ಹದಿನೆಂಟು ತುಂಬಿರಬೇಕು. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ನಕಲು, ಫೋಟೊ ಇಟ್ಟುಕೊಂಡು ಅರ್ಜಿ ಕೊಟ್ಟು ಬನ್ನಿ. ಬ್ಯಾಚ್ ವರ್ಷವಿಡೀ ನಡೆಯುವುದಿಲ್ಲ, ಆದ್ದರಿಂದ ಮುಂಚೆಯೇ ಹೆಸರು ಬರೆಸಬೇಕು.

ಪಾಠ ಕನ್ನಡದಲ್ಲಿ. ಇದೊಂದೇ ಕಾರಣಕ್ಕೆ ನಾನು ಇದನ್ನು ಮೇಲಿಡುತ್ತೇನೆ. ಬ್ಲೀಚ್ ಯಾಕೆ ಉರಿಯುತ್ತದೆ, ವ್ಯಾಕ್ಸ್ ಮಾಡಿದ ಕೂಡಲೇ ಅದೇ ಜಾಗಕ್ಕೆ ಬ್ಲೀಚ್ ಯಾಕೆ ಹಾಕಬಾರದು ಎಂಬುದನ್ನು ಗೊತ್ತಿರುವ ಭಾಷೆಯಲ್ಲಿ ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಜೊತೆಗೆ ಲೆಕ್ಕ ಬರೆಯುವುದು, ಬೆಲೆ ಕಟ್ಟುವುದು, ಬ್ಯಾಂಕಿಗೆ ಪ್ರಾಜೆಕ್ಟ್ ರಿಪೋರ್ಟ್ ಮಾಡುವುದನ್ನೂ ಹೇಳಿಕೊಡುತ್ತಾರೆ. ಅಕಾಡೆಮಿಗಳಲ್ಲಿ ಇದಕ್ಕೆ ಜಾಗವೇ ಇಲ್ಲ. ತರಬೇತಿ ಮುಗಿದ ಮೇಲೂ ಎರಡು ವರ್ಷ ವಿಚಾರಿಸಿಕೊಳ್ಳುತ್ತಾರೆ. ಮುದ್ರಾ ಶಿಶು ಸಾಲ 50,000 ರೂಪಾಯಿವರೆಗೆ ಜಾಮೀನಿಲ್ಲದೆ ಸಿಗುವಂಥದ್ದು, ಈ ಸರ್ಟಿಫಿಕೇಟ್ ಕೈಯಲ್ಲಿದ್ದರೆ ಬ್ಯಾಂಕಿನವರ ಮುಂದೆ ಮಾತು ಸುಲಭ.

ಕೊರತೆಯೂ ನೇರವಾಗಿದೆ. ಒಂದು ತಿಂಗಳಲ್ಲಿ ಕೈ ಕೂರುವುದಿಲ್ಲ. ಹೇರ್ ಕಲರ್, ರಿಬಾಂಡಿಂಗ್ ಕಣ್ಣಿಗೆ ಬಿದ್ದರೆ ಹೆಚ್ಚು. ಇದನ್ನೇ ನಂಬಿ ಮರುದಿನ ಬೋರ್ಡ್ ತೂಗುಹಾಕಬೇಡಿ.

ಮೈಸೂರು ನಗರದೊಳಗಿನವರಿಗೆ ಇಲ್ಲಿ ಸೀಟು ಕಷ್ಟ. ಅವರು ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆಯಲ್ಲಿ ಬ್ಯೂಟಿ ಥೆರಪಿಸ್ಟ್ ಬ್ಯಾಚ್ ಇದೆಯೇ ನೋಡಲಿ. ಹುಡುಗರಾಗಿದ್ದು ಕ್ಷೌರಿಕ ವೃತ್ತಿಯಲ್ಲೇ ಇದ್ದರೆ 2023ರಲ್ಲಿ ಬಂದ ಪಿಎಂ ವಿಶ್ವಕರ್ಮದ 18 ಕಸುಬುಗಳಲ್ಲಿ ಅದೂ ಒಂದು. ಉಪಕರಣಕ್ಕೆ 15,000 ರೂಪಾಯಿ ಸಿಗುತ್ತದೆ.

ಪಾರ್ಲರ್‌ನಲ್ಲೇ ಕಲಿಕೆ

ಇದರಲ್ಲಿ ಎರಡು ಬಗೆ. ಹತ್ತು-ಇಪ್ಪತ್ತು ಸಾವಿರ ತೆಗೆದುಕೊಂಡು ಮೂರು ತಿಂಗಳು ‘ಕ್ಲಾಸ್’ ಮಾಡುವುದು ಒಂದು. ಸಹಾಯಕಿಯಾಗಿ ಇಟ್ಟುಕೊಂಡು ಸಣ್ಣ ಸಂಬಳ ಕೊಡುವುದು ಇನ್ನೊಂದು. ಆರ್‌ಸೆಟಿ ಮುಗಿಸಿಕೊಂಡು ಹೋದರೆ ಎರಡನೆಯದು ಸಿಗುತ್ತದೆ, ಮೊದಲನೆಯದಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ. ಮಂಡ್ಯದಿಂದ ಮೈಸೂರಿಗೆ ದಿನಾ ಓಡಾಡುವುದೂ ಹೆಂಗಸರಿಗೆ ಈಗ ಖರ್ಚಿನ ಬಾಬತ್ತಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸು ಉಚಿತ.

ಸೇರುವ ಕಾಲ ಮುಖ್ಯ. ಆಷಾಢದಲ್ಲಿ ಮದುವೆ ಇಲ್ಲ, ಬ್ರೈಡಲ್ ಆರ್ಡರ್ ಇಲ್ಲ. ಪಾರ್ಲರ್ ಅಕ್ಕನಿಗೆ ಹೇಳಿಕೊಡಲು ಪುರಸೊತ್ತಿರುವುದು ಆಗಲೇ. ಆಷಾಢದಲ್ಲಿ ಸೇರಿ ಕೈ ಪಳಗಿಸಿಕೊಂಡರೆ ಶ್ರಾವಣಕ್ಕೆ ವರಮಹಾಲಕ್ಷ್ಮಿ ಹಬ್ಬದ ನೂಕುನುಗ್ಗಲು, ಆಮೇಲೆ ದಸರಾ, ಕಾರ್ತಿಕದ ಮದುವೆಗಳು. ಐಬ್ರೋ ಎಣಿಸಲಾಗದಷ್ಟು ಸಿಗುತ್ತವೆ. ಸೀಸನ್ ಮಧ್ಯದಲ್ಲಿ ಸೇರಿದರೆ ಕಸ ಗುಡಿಸಿ ಟವೆಲ್ ಒಗೆಯುವುದರಲ್ಲೇ ಎರಡು ತಿಂಗಳು ಹೋಗುತ್ತದೆ.

ಯಾವ ಪಾರ್ಲರ್? ಗಿರಾಕಿಯಾಗಿ ಹೋಗಿ ಒಂದು ಐಬ್ರೋ ಮಾಡಿಸಿಕೊಂಡು ನೋಡಿ. ಹಣೆಯ, ರೆಪ್ಪೆಯ ಚರ್ಮ ಬಿಗಿಯಾಗಿ ಹಿಡಿದುಕೊಳ್ಳಲು ಹೇಳುತ್ತಾರೆಯೇ? ಸಡಿಲ ಚರ್ಮದ ಮೇಲೆ ದಾರ ಓಡಿದರೆ ಕೊಯ್ಯುತ್ತದೆ. ವ್ಯಾಕ್ಸ್ ಹಚ್ಚುವ ಮುಂಚೆ ತಮ್ಮ ಮಣಿಕಟ್ಟಿನ ಮೇಲೆ ಬಿಸಿ ನೋಡಿಕೊಳ್ಳುತ್ತಾರೆಯೇ? ಸ್ಟ್ರಿಪ್ಪನ್ನು ಮೇಲಕ್ಕೆ ಕೀಳದೆ ಚರ್ಮಕ್ಕೆ ಸಮಾನಾಂತರವಾಗಿ, ಕೂದಲಿನ ವಿರುದ್ಧ ದಿಕ್ಕಿಗೆ ಎಳೆಯುತ್ತಾರೆಯೇ? ಮುಖಕ್ಕೆ ರೆಟಿನಾಲ್ ಕ್ರೀಮ್ ಹಚ್ಚುತ್ತೀರಾ ಎಂದು ಕೇಳದೆ ಮೇಲ್ದುಟಿಗೆ ವ್ಯಾಕ್ಸ್ ಹಚ್ಚುವ ಕಡೆಯಿಂದ ಎದ್ದು ಬನ್ನಿ, ಆ ಕ್ರೀಮ್ ಹಚ್ಚುವವರಿಗೆ ಕೂದಲಿನ ಜೊತೆ ಚರ್ಮವೂ ಕಿತ್ತು ಬರುತ್ತದೆ. ಕತ್ತರಿಸಿದ ದಾರವನ್ನೇ ಮತ್ತೊಬ್ಬರಿಗೆ ಬಳಸುವವರ ಹತ್ತಿರ ಕಲಿಯಲು ಏನೂ ಇಲ್ಲ.

ಅಕಾಡೆಮಿಯ ಸಿಲೆಬಸ್‌ನಲ್ಲಿ ಸಾಮಾನ್ಯವಾಗಿ ಇಲ್ಲದ, ಇಲ್ಲಿ ಮಾತ್ರ ಸಿಗುವ ದುಡ್ಡಿನ ಕೆಲಸ ಇನ್ನೊಂದಿದೆ: ಮೊಗ್ಗಿನ ಜಡೆ ಮತ್ತು ಸೀರೆ. ಮಂಡ್ಯ ಕಡೆಯ ಮದುವೆ, ಸೀಮಂತ, ಆರತಿ ಯಾವುದಕ್ಕೂ ಇವೆರಡು ಬೇಕೇ ಬೇಕು. ಮೊಗ್ಗನ್ನು ಬೆಳಿಗ್ಗೆ ಮಾರುಕಟ್ಟೆಯಿಂದ ಬಿರಿಯದಿರುವಾಗಲೇ ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಒಂದೇ ಅಳತೆಯವನ್ನು ಆರಿಸಿಕೊಂಡು ಪೋಣಿಸಬೇಕು. ಅಳತೆ ಹೆಚ್ಚುಕಮ್ಮಿಯಾದರೆ ಸಾಲು ಸೊಟ್ಟಗಾಗುತ್ತದೆ. ರೇಷ್ಮೆ ಸೀರೆಯ ನೆರಿಗೆಯನ್ನು ಹಿಂದಿನ ದಿನವೇ ಇಸ್ತ್ರಿ ಮಾಡಿ ಪಿನ್ ಹಾಕಿ ಮಡಿಸಿಕೊಡುವುದಕ್ಕೆ ಪ್ರತ್ಯೇಕ ದುಡ್ಡು ಸಿಗುತ್ತದೆ. ಇವೆರಡಕ್ಕೆ ಒಂದಕ್ಷರ ಇಂಗ್ಲಿಷ್ ಬೇಡ.

ಪಾರ್ಲರ್ ಅಕ್ಕ ಕೊಡುವ ಸರ್ಟಿಫಿಕೇಟ್ ಗೋಡೆಗೆ ಮಾತ್ರ. ಅದಕ್ಕಾಗಿ ಆರು ತಿಂಗಳಾದ ಮೇಲೆ ಆರ್‌ಪಿಎಲ್ ಬ್ಯಾಚ್ ಹುಡುಕಿ. ಮುಂಚೆಯೇ ಕೆಲಸ ಗೊತ್ತಿದ್ದವರಿಗೆ ಚಿಕ್ಕ ತರಬೇತಿ ಕೊಟ್ಟು, ಕೈಕೆಲಸ ನೋಡಿ ಸ್ಕಿಲ್ ಇಂಡಿಯಾ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಅದು. ಅಸಿಸ್ಟೆಂಟ್ ಬ್ಯೂಟಿ ಥೆರಪಿಸ್ಟ್ ಮಟ್ಟದಿಂದ ಶುರು ಮಾಡಿ.

ಹೊರದೇಶ, ದೊಡ್ಡ ಹೋಟೆಲ್

ಇಲ್ಲಿ ನನ್ನ ಆರ್‌ಸೆಟಿ-ಪಾರ್ಲರ್ ಜೋಡಿ ಸೋಲುತ್ತದೆ. ಜ್ಯೂರಿಕ್‌ನಲ್ಲಿ ಕೇಂದ್ರ ಕಚೇರಿ ಇರುವ, 1946ರಲ್ಲಿ ಹುಟ್ಟಿದ ಸಿಡೆಸ್ಕೊ ಎಂಬ ಅಂತರರಾಷ್ಟ್ರೀಯ ಬ್ಯೂಟಿ ಸಂಸ್ಥೆಯ ಡಿಪ್ಲೊಮಾ ಅಥವಾ ಬ್ರಿಟನ್ನಿನ ಐಟೆಕ್ ಸರ್ಟಿಫಿಕೇಟ್ ಇದ್ದವರನ್ನೇ ಅಲ್ಲೆಲ್ಲ ಮೊದಲು ನೋಡುತ್ತಾರೆ. ಗೋಕುಲಂ ಕಡೆ ಯೋಗ ಕಲಿಯಲು ಬರುವ ವಿದೇಶಿಯರೇ ಗಿರಾಕಿಗಳಾದರೆ ಅಲರ್ಜಿ ಇದೆಯೇ, ಔಷಧ ತಗೊಳ್ಳುತ್ತಿದ್ದಾರೆಯೇ ಎಂದು ಇಂಗ್ಲಿಷ್‌ನಲ್ಲೇ ಕೇಳಿ ಫಾರಂ ತುಂಬಿಸಬೇಕಾಗುತ್ತದೆ.

ಆ ದಾರಿಯೇ ಬೇಕೆಂದರೂ ಲಕ್ಷ ರೂಪಾಯಿಯನ್ನು ಮೊದಲ ದಿನವೇ ಕಟ್ಟಬೇಡಿ. ಕೈಕೆಲಸವನ್ನು ಮೇಲೆ ಹೇಳಿದ ಹಾಗೆ ಕಡಿಮೆ ಖರ್ಚಿನಲ್ಲಿ ಕಲಿತು, ಒಂದು ವರ್ಷ ದುಡಿದು, ನೋಟ್‌ಬುಕ್ ತುಂಬಿಸಿ, ಆಮೇಲೆ ಅಕಾಡೆಮಿಗೆ ಹೋಗಿ. ಆಗ ತರಗತಿಯಲ್ಲಿ ಹೊಸದಾಗಿ ಕಲಿಯಬೇಕಾದ್ದು ಭಾಷೆ ಮಾತ್ರ. ದುಡ್ಡು ಕಟ್ಟುವ ಮುಂಚೆ ಮೂರು ಕೇಳಿ: ಒಂದು ಪೂರ್ತಿ ಕ್ಲಾಸಿನಲ್ಲಿ ಕೂರಲು ಬಿಡುತ್ತೀರಾ, ಹಳೆಯ ಪ್ರಶ್ನೆಪತ್ರಿಕೆ ತೋರಿಸುತ್ತೀರಾ, ಪರೀಕ್ಷಾ ಶುಲ್ಕ ಫೀಸಿನೊಳಗೇ ಇದೆಯಾ. ಮೂರನೆಯದಕ್ಕೆ ‘ಇಲ್ಲ’ ಎಂಬ ಉತ್ತರವೇ ಹೆಚ್ಚು. ಅಂತರರಾಷ್ಟ್ರೀಯ ಪರೀಕ್ಷೆಯ ಶುಲ್ಕ ಪ್ರತ್ಯೇಕವಾಗಿ ಕಟ್ಟಬೇಕಾಗುವುದರಿಂದ ಆ ಮೊತ್ತವನ್ನೂ ಸೇರಿಸಿಯೇ ಬಜೆಟ್ ಹಾಕಿಕೊಳ್ಳಿ.