ಏಳು ತಂತಿಯ ಗಿಟಾರ್, ಒಡೆದ ಗಂಟಲು: ಕಾರ್ನ್ ಬ್ಯಾಂಡಿನ ಮೊದಲ ಆಲ್ಬಮ್

ಹೆವಿ ಮೆಟಲ್ ಕೇಳುವವರ ನಡುವೆ ‘ನ್ಯೂ ಮೆಟಲ್’ (ಹಿಪ್ ಹಾಪ್‌ನ ಲಯ ಬೆರೆತ ಹೆವಿ ಮೆಟಲ್) ಎಂಬುದು ಬಹುಕಾಲ ಬೈಗುಳದಂತೆ ಬಳಕೆಯಾದ ಮಾತು. ಒಂದು ಬ್ಯಾಂಡನ್ನು ಹೀಗಳೆಯಬೇಕೆಂದರೆ ಅದಕ್ಕೆ ಆ ಹಣೆಪಟ್ಟಿ ಹಚ್ಚಿದರೆ ಸಾಕಿತ್ತು; ಆ ಗುಂಪಿಗೆ ಸೇರಿದ ಬ್ಯಾಂಡುಗಳೇ ತಮಗೂ ಆ ಹೆಸರಿಗೂ ಸಂಬಂಧವಿಲ್ಲವೆಂದು ಹೇಳಿಕೊಂಡದ್ದುಂಟು. ಆ ಪ್ರಕಾರ ಎಲ್ಲಿಂದ ಹುಟ್ಟಿತು ಎಂದು ಕೇಳಿದಾಗ ಹೊಗಳುವವರೂ ತೆಗಳುವವರೂ ಒಟ್ಟಾಗಿ ಬೆರಳು ತೋರಿಸುವ ಆಲ್ಬಮ್ ಒಂದಿದೆ. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನ ಕಾರ್ನ್ ಬ್ಯಾಂಡ್ 1994ರ ಅಕ್ಟೋಬರ್ 11ರಂದು ತನ್ನದೇ ಹೆಸರಿನಲ್ಲಿ ಹೊರತಂದ ಆ ಚೊಚ್ಚಲ ಆಲ್ಬಮ್ಮೇ ಈ ವಿಮರ್ಶೆಯ ವಸ್ತು. ಇದರಲ್ಲಿ 12 ಹಾಡುಗಳಿವೆ, ಅವಧಿ 65 ನಿಮಿಷಕ್ಕೂ ಹೆಚ್ಚು. ಮೂರು ದಶಕ ದಾಟಿದ ಮೇಲೆ ಇದನ್ನು ಮೊದಲಿನಿಂದ ಕೊನೆಯವರೆಗೆ ಹಲವು ಸಲ ಕೇಳಿ, ನ್ಯೂ ಮೆಟಲ್ ಮೇಲಿರುವ ದೂರುಗಳನ್ನು ಇದರ ಎದುರಿಗಿಟ್ಟು ನೋಡಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಕೊಂಡು ಇಟ್ಟುಕೊಳ್ಳಬೇಕಾದ ಆಲ್ಬಮ್. ನ್ಯೂ ಮೆಟಲಿನ ಸಂಗೀತದ ಮೇಲೆ ಹೊರಿಸುವ ಆರೋಪ ತಪ್ಪು, ಅದರ ಮಾತಿನ ಮೇಲೆ ಹೊರಿಸುವ ಆರೋಪ ಬಹುಪಾಲು ಸರಿ, ಮತ್ತು ಎರಡಕ್ಕೂ ಬೇಕಾದ ಸಾಕ್ಷಿ ಇಲ್ಲಿಂದಲೇ ಆರಂಭವಾಗುತ್ತದೆ.

ಸಂಗೀತದ ಮೇಲಿನ ಆರೋಪ ಎಲ್ಲರಿಗೂ ಗೊತ್ತಿರುವಂಥದು: ಗಿಟಾರ್ ಸೋಲೊ ಇಲ್ಲ, ವೇಗವಿಲ್ಲ, ರಿಫ್‌ಗಳು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು) ಎರಡು ಮೂರು ಸ್ವರಗಳಲ್ಲಿ ಮುಗಿದುಹೋಗುತ್ತವೆ, ಆದ್ದರಿಂದ ನುಡಿಸುವವರಿಗೆ ನುಡಿಸಲು ಬರುವುದಿಲ್ಲ. ಮೊದಲ ಮೂರು ಮಾತುಗಳನ್ನು ಒಪ್ಪುತ್ತೇನೆ, ಆದರೆ ಅವುಗಳಿಂದ ನಾಲ್ಕನೆಯದು ಸಿದ್ಧವಾಗುವುದಿಲ್ಲ. ಮಂಕಿ ಮತ್ತು ಹೆಡ್ ಎಂಬ ಅಡ್ಡಹೆಸರುಗಳಿಂದ ಪರಿಚಿತರಾದ ಜೇಮ್ಸ್ ಶಾಫರ್ ಮತ್ತು ಬ್ರಯಾನ್ ವೆಲ್ಚ್ ಇಲ್ಲಿ ನುಡಿಸುವುದು ಏಳು ತಂತಿಯ ಗಿಟಾರುಗಳನ್ನು. ವೇಗದ ಸೋಲೊಗಳಿಗೆ ಹೆಸರಾದ ಸ್ಟೀವ್ ವಾಯ್ ಅವರ ಜೊತೆ ಸೇರಿ ಐಬನೆಜ್ ಸಂಸ್ಥೆ 1990ರಲ್ಲಿ ಮಾರುಕಟ್ಟೆಗೆ ತಂದ ವಾದ್ಯ ಅದು. ಆರು ತಂತಿಯ ಸಾಮಾನ್ಯ ಗಿಟಾರಿನ ಅತ್ಯಂತ ದಪ್ಪ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 82 ಸಲ, ಮಿಡಿಯುತ್ತದೆ. ಏಳನೇ ತಂತಿ ಸುಮಾರು 62 ಹರ್ಟ್ಸ್‌ಗೆ ಇಳಿಯುತ್ತದೆ. ಕಾರ್ನ್ ಇಡೀ ವಾದ್ಯದ ಶ್ರುತಿಯನ್ನು ಇನ್ನೂ ಒಂದು ಮೆಟ್ಟಿಲು ತಗ್ಗಿಸಿ ಅದನ್ನು 55 ಹರ್ಟ್ಸ್‌ಗೆ ತಂದು ನಿಲ್ಲಿಸಿತು. ನಾಲ್ಕು ತಂತಿಯ ಬೇಸ್ ಗಿಟಾರಿನಲ್ಲಿ ದಪ್ಪ ತಂತಿಯ ಪಕ್ಕದ ತಂತಿ ನುಡಿಯುವ ಸ್ವರವೂ ಅದೇ. ಅಂದರೆ ಗಿಟಾರುಗಳು ಬೇಸ್‌ನ ಅಂಗಳಕ್ಕೇ ಇಳಿದು ಬಂದಿವೆ.

ಹಾಗಾದರೆ ಬೇಸ್ ಎಲ್ಲಿಗೆ ಹೋಗಬೇಕು? ಈ ಆಲ್ಬಮಿನ ಅತ್ಯಂತ ಜಾಣ ಉತ್ತರ ಇರುವುದು ಇಲ್ಲಿ. ಫೀಲ್ಡಿ ಎಂದು ಕರೆಯಲ್ಪಡುವ ರೆಜಿನಾಲ್ಡ್ ಅರ್ವಿಜು ಐದು ತಂತಿಯ ಬೇಸನ್ನು ಗಿಟಾರಿಗಿಂತಲೂ ಕೆಳಗಿನ ಶ್ರುತಿಗೆ ಇಳಿಸಿ, ಅದರ ನಡುದನಿಯನ್ನು ಬಹುತೇಕ ಅಳಿಸಿಹಾಕಿ, ಹೆಬ್ಬೆರಳಿನಿಂದ ತಂತಿಯನ್ನು ಹೊಡೆಯುತ್ತಾರೆ. ಆಗ ಕೇಳಿಸುವುದು ಎರಡೇ ಸಂಗತಿಗಳು: ಕಿವಿಗಿಂತ ಎದೆಗೆ ಹೆಚ್ಚು ತಟ್ಟುವ ಒಂದು ಕಂಪನ, ಮತ್ತು ತಂತಿ ಲೋಹದ ಪಟ್ಟಿಗೆ ಬಡಿದಾಗ ಏಳುವ ‘ಕಟ್ ಕಟ್’ ಎಂಬ ಸದ್ದು. ಸ್ವರ ನುಡಿಸುವ ವಾದ್ಯ ಹೀಗೆ ತಾಳವಾದ್ಯವಾಗಿ ಬದಲಾಗುತ್ತದೆ. ಬೇಸ್‌ನ ಕೆಲಸವನ್ನು ಗಿಟಾರೂ ಡ್ರಮ್‌ನ ಕೆಲಸವನ್ನು ಬೇಸೂ ವಹಿಸಿಕೊಂಡಿರುವುದರಿಂದ, ಡ್ರಮ್ ನುಡಿಸುವ ಡೇವಿಡ್ ಸಿಲ್ವೇರಿಯಾ ಅವರಿಗೆ ಬಡಿತಗಳ ನಡುವೆ ಜಾಗ ಬಿಡುವ ಸ್ವಾತಂತ್ರ್ಯ ದೊರೆತಿದೆ. ಅತಿವೇಗದ ಥ್ರಾಶ್ ಮೆಟಲಿನಲ್ಲಿ ಒಂದು ಕ್ಷಣವೂ ಖಾಲಿ ಇರುವುದಿಲ್ಲ. ಇಲ್ಲಿ ಖಾಲಿ ಜಾಗಗಳೇ ಹಾಡಿಗೆ ತೂಗಾಟವನ್ನು ಕೊಡುತ್ತವೆ. ಸೋಲೊ ಇಲ್ಲದಿರುವುದನ್ನು ಕೊರತೆಯೆಂದು ಎಣಿಸುವವರು ಈ ಹಂಚಿಕೆಯನ್ನು ಕೇಳಿಸಿಕೊಂಡಿಲ್ಲವೆಂದೇ ನನಗೆ ಅನಿಸುತ್ತದೆ. ಯಾವ ಸ್ವರವನ್ನು ನುಡಿಸಬಾರದು ಎಂಬ ತಿಳಿವಳಿಕೆಯೂ ಸಾಧನೆಯಿಂದಲೇ ಬರುವಂಥದು.

ಮೊದಲ ಹಾಡು ‘ಬ್ಲೈಂಡ್’ ಇದೆಲ್ಲವನ್ನೂ ಒಂದೂವರೆ ನಿಮಿಷದೊಳಗೆ ತೋರಿಸಿಬಿಡುತ್ತದೆ. ಸಿಂಬಲ್ ಮೇಲಿನ ಸಣ್ಣ ಬಡಿತದಿಂದ ಶುರುವಾಗಿ, ಒಂದೊಂದೇ ವಾದ್ಯ ಸೇರುತ್ತ, ಗಾಯಕ ಜೊನಾಥನ್ ಡೇವಿಸ್ ಸಿದ್ಧರಿದ್ದೀರಾ ಎಂದು ಕೂಗುವ ಹೊತ್ತಿಗೆ ಕೇಳುಗನ ಮೈ ತಾನಾಗಿ ಮುಂದಕ್ಕೆ ಬಾಗಿರುತ್ತದೆ. ಹಿಪ್ ಹಾಪ್‌ನ ಪ್ರಭಾವದ ಬಗ್ಗೆ ಒಂದು ತಪ್ಪು ಕಲ್ಪನೆಯನ್ನೂ ಇಲ್ಲಿ ತಿದ್ದಿಕೊಳ್ಳಬಹುದು. ನ್ಯೂ ಮೆಟಲ್ ಎಂದರೆ ಗಿಟಾರಿನ ಪಕ್ಕದಲ್ಲಿ ಒಬ್ಬ ಡಿಜೆ ನಿಂತು ರೆಕಾರ್ಡ್ ಉಜ್ಜುವುದು ಎಂದು ತಿಳಿದವರಿದ್ದಾರೆ. ಈ ಆಲ್ಬಮಿನಲ್ಲಿ ಡಿಜೆಯೇ ಇಲ್ಲ. ಹಿಪ್ ಹಾಪ್ ಧ್ವನಿಮುದ್ರಿಕೆಗಳಲ್ಲಿ ಕೇಳುವ ಸೈರನ್ನಿನಂಥ ಕೀರಲು ಸದ್ದುಗಳನ್ನು ಗಿಟಾರುಗಳೇ ಅನುಕರಿಸುತ್ತವೆ. ಒಂದು ಗಿಟಾರ್ ನೆಲ ಗುದ್ದುತ್ತಿರುವಾಗ ಇನ್ನೊಂದು ಮೇಲಿನ ಸ್ಥಾಯಿಯಲ್ಲಿ ಅಪಸ್ವರದಂಥ ಎಳೆಯೊಂದನ್ನು ಹಿಡಿದು ನಿಲ್ಲುತ್ತದೆ. ರಾಪ್ ಮತ್ತು ಮೆಟಲನ್ನು ಬೆಸೆದವರು ಇವರೇ ಮೊದಲಿಗರಲ್ಲ. ಮೆಟಲ್ ಬ್ಯಾಂಡ್ ಆಂಥ್ರಾಕ್ಸ್ ಮತ್ತು ರಾಪ್ ತಂಡ ಪಬ್ಲಿಕ್ ಎನಿಮಿ 1991ರಲ್ಲೇ ಒಟ್ಟಿಗೆ ಹಾಡಿದ್ದರು, ರೇಜ್ ಅಗೇನ್ಸ್ಟ್ ದ ಮಷೀನ್‌ನ ಮೊದಲ ಆಲ್ಬಮ್ 1992ರಲ್ಲಿ ಬಂದಿತ್ತು, ಫೇತ್ ನೋ ಮೋರ್ ಅದಕ್ಕೂ ಮುಂಚಿನಿಂದಲೇ ಆ ದಾರಿಯಲ್ಲಿತ್ತು. ಅವರೆಲ್ಲ ಹಿಪ್ ಹಾಪ್‌ನಿಂದ ಮುಖ್ಯವಾಗಿ ಮಾತಿನ ಓಟವನ್ನು ತೆಗೆದುಕೊಂಡರೆ, ಕಾರ್ನ್ ಅದರ ತಳದ ದನಿಯನ್ನೂ ಬಿಡುವನ್ನೂ ತೆಗೆದುಕೊಂಡಿತು.

ನಿರ್ಮಾಪಕ ರಾಸ್ ರಾಬಿನ್ಸನ್, ಮಾಲಿಬುವಿನ ಇಂಡಿಗೋ ರಾಂಚ್ ಸ್ಟುಡಿಯೊದಲ್ಲಿ ಇದನ್ನು ಮುದ್ರಿಸಿದರು. ಆ ಸ್ಟುಡಿಯೊ 2007ರ ಕಾಳ್ಗಿಚ್ಚಿನಲ್ಲಿ ಸುಟ್ಟುಹೋಯಿತು. ಹಾಡುಗಾರನ ಭಾವವನ್ನು ಕೆದಕಿ ಹೊರಗೆಳೆಯುವುದು ರಾಬಿನ್ಸನ್ ಅವರ ಪದ್ಧತಿಯಾಗಿತ್ತು, ಅದರ ಫಲವೂ ಅಪಾಯವೂ ಡೇವಿಸ್ ಅವರ ಕಂಠದಲ್ಲಿ ಕೇಳಿಸುತ್ತವೆ. ಈ ಕಂಠ ಹಳೆಯ ಮೆಟಲ್ ಗಾಯಕರಂತೆ ಏರುಸ್ಥಾಯಿಯ ಪರಾಕ್ರಮವನ್ನು ತೋರಿಸುವುದಿಲ್ಲ. ಅದು ಪಿಸುಗುಡುತ್ತದೆ, ಬಿಕ್ಕುತ್ತದೆ, ಗುರುಗುಟ್ಟುತ್ತದೆ, ‘ಬಾಲ್ ಟಂಗ್’ ಹಾಡಿನಲ್ಲಂತೂ ಮಾತು ಸೋತಾಗ ಅರ್ಥವಿಲ್ಲದ ಅಕ್ಷರಗಳಾಗಿ ಚೂರಾಗುತ್ತದೆ. ‘ಶೂಟ್ಸ್ ಆ್ಯಂಡ್ ಲ್ಯಾಡರ್ಸ್’ ಹಾಡನ್ನು ಡೇವಿಸ್ ಬ್ಯಾಗ್‌ಪೈಪ್ ಊದಿ ಆರಂಭಿಸುತ್ತಾರೆ, ಆಮೇಲೆ ಬರುವ ಸಾಹಿತ್ಯದ ಬಹುಪಾಲು ಇಂಗ್ಲಿಷ್ ಶಿಶುಗೀತೆಗಳ ತುಣುಕುಗಳು. ಮಕ್ಕಳು ಕುಣಿಯುತ್ತ ಹಾಡುವ ಸಾಲುಗಳನ್ನು ಆ ಒಡೆದ ಗಂಟಲಿನಿಂದ ಕೇಳುವಾಗ, ಬಾಲ್ಯವೆಂಬುದು ಸುರಕ್ಷಿತ ತಾಣವೆಂಬ ನಂಬಿಕೆಯೇ ಅಲುಗಾಡುತ್ತದೆ. ಇಡೀ ಆಲ್ಬಮಿನಲ್ಲಿ ನನಗೆ ಅತ್ಯಂತ ಇಷ್ಟವಾದ ರಚನೆ ಇದೇ.

ಇನ್ನು ಮಾತಿನ ವಿಷಯ. ಹೆವಿ ಮೆಟಲ್ ಅಲ್ಲಿಯವರೆಗೆ ಯುದ್ಧ, ಸಾವು, ಸೈತಾನ, ರಾಜಕೀಯ ಎಲ್ಲದರ ಬಗ್ಗೆ ಹಾಡಿತ್ತು, ಆದರೆ ಹಾಡುವವನು ಬಹುಮಟ್ಟಿಗೆ ಬಲಶಾಲಿಯಾಗಿಯೋ ಸಾಕ್ಷಿಯಾಗಿಯೋ ನಿಲ್ಲುತ್ತಿದ್ದ. ಇಲ್ಲಿ ಹಾಡುವವನು ಏಟು ತಿಂದವನು. ಆರನೆಯ ಹಾಡಿಗೆ ಇಟ್ಟಿರುವ ಹೆಸರು, ಡೇವಿಸ್ ಅವರ ವೇಷಭೂಷಣವನ್ನೂ ಅಭಿರುಚಿಯನ್ನೂ ನೋಡಿ ಶಾಲೆಯಲ್ಲಿ ಹಂಗಿಸುತ್ತಿದ್ದವರು ಬಳಸಿದ ಬೈಗುಳವೇ. ಕೊನೆಯ ಹಾಡು ‘ಡ್ಯಾಡಿ’ ಇನ್ನೂ ಆಳಕ್ಕೆ ಹೋಗುತ್ತದೆ. ಬಾಲ್ಯದಲ್ಲಿ ಡೇವಿಸ್ ಅವರ ಮೇಲೆ ನಡೆದ ಲೈಂಗಿಕ ದೌರ್ಜನ್ಯ ಅದರ ವಸ್ತು. ಶೀರ್ಷಿಕೆಯನ್ನು ನೋಡಿ ಹಲವರು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರು. ದೌರ್ಜನ್ಯ ಎಸಗಿದ್ದು ಬೇರೆಯವರು, ಹೇಳಿಕೊಂಡಾಗ ತಂದೆತಾಯಿ ನಂಬಲಿಲ್ಲ ಎಂಬುದು ಹಾಡಿನ ನೋವು ಎಂದು ಡೇವಿಸ್ ಅವರೇ ವಿವರಿಸಿದ್ದಾರೆ. ಹಾಡಿನ ಕೊನೆಗೆ ಅವರು ಕುಸಿದು ಅಳತೊಡಗುತ್ತಾರೆ, ಮುದ್ರಣ ನಿಲ್ಲುವುದಿಲ್ಲ, ಉಳಿದವರು ನುಡಿಸುತ್ತಲೇ ಇರುತ್ತಾರೆ. ಮನುಷ್ಯನೊಬ್ಬನ ಅತ್ಯಂತ ಖಾಸಗಿಯಾದ ಕುಸಿತವನ್ನು ಮಾರಾಟದ ವಸ್ತುವಿನೊಳಗೆ ಉಳಿಸಿಕೊಂಡದ್ದು ಸರಿಯೇ ಎಂಬ ಪ್ರಶ್ನೆಗೆ ನನ್ನಲ್ಲಿ ನೆಮ್ಮದಿಯ ಉತ್ತರವಿಲ್ಲ. ಆ ಹಾಡನ್ನು ಪೂರ್ತಿಯಾಗಿ ಎರಡು ಸಲ ಕೇಳಿದೆ, ಮೂರನೆಯ ಸಲ ಆಗಲಿಲ್ಲ. ಆದರೆ ಇಂಥ ಮಾತನ್ನು ಗಂಡಸೊಬ್ಬ ನಾಚಿಕೆಯಿಲ್ಲದೆ ಹೇಳಬಹುದೆಂದು, ಅದೂ ಗಂಡಸುತನವನ್ನೇ ಮೆರೆಸುತ್ತಿದ್ದ ಸಂಗೀತದೊಳಗೆ, ಹದಿಹರೆಯದ ಅಸಂಖ್ಯಾತ ಕೇಳುಗರಿಗೆ ತೋರಿಸಿಕೊಟ್ಟದ್ದು ಈ ಆಲ್ಬಮ್. ನ್ಯೂ ಮೆಟಲನ್ನು ‘ಗೋಳಾಟ’ ಎಂದು ತಳ್ಳಿಹಾಕುವವರನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ಆದರೆ ಗಾಯದ ಮಾತು ಹಗೆಯ ಮಾತಾಗಿ ಗಟ್ಟಿಯಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. 1996ರ ಎರಡನೇ ಆಲ್ಬಮಿನಲ್ಲಿ ಕಾರ್ನ್ ಸ್ವತಃ ಹೆಂಗಸರ ಮೇಲಿನ ಬೈಗುಳಗಳನ್ನೇ ಪೋಣಿಸಿದ ಹಾಡೊಂದನ್ನು ಸೇರಿಸಿತು. 1999ರಲ್ಲಿ ಇದೇ ಪ್ರಕಾರದ ಲಿಂಪ್ ಬಿಜ್ಕಿಟ್ ಬ್ಯಾಂಡ್ ಮಾರಾಟದ ಪಟ್ಟಿಯ ತುದಿಗೇರುವ ಹೊತ್ತಿಗೆ, ನೊಂದವನ ಅಳು ಹೋಗಿ ತನ್ನನ್ನು ಬಿಟ್ಟುಹೋದ ಗೆಳತಿಯ ಮೇಲಿನ ಸಿಟ್ಟು ಮುಂದೆ ಬಂದಿತ್ತು. ಅದೇ ವರ್ಷದ ಜುಲೈನಲ್ಲಿ ನ್ಯೂಯಾರ್ಕ್ ರಾಜ್ಯದ ರೋಮ್ ಪಟ್ಟಣದ ಹಳೆಯ ವಾಯುನೆಲೆಯಲ್ಲಿ ನಡೆದ, ಈ ಎರಡೂ ಬ್ಯಾಂಡುಗಳು ನುಡಿಸಿದ ವುಡ್‌ಸ್ಟಾಕ್ ಸಂಗೀತೋತ್ಸವ ಬೆಂಕಿ, ಲೂಟಿ ಮತ್ತು ಲೈಂಗಿಕ ಹಲ್ಲೆಗಳಲ್ಲಿ ಕೊನೆಗೊಂಡಿತು. ಸುಡುಬಿಸಿಲಿನಲ್ಲಿ ನೀರಿನ ಬಾಟಲಿಗೆ 4 ಡಾಲರ್ ಬೆಲೆಯಿಟ್ಟ, ಭದ್ರತೆಯನ್ನು ಕಡೆಗಣಿಸಿದ ವ್ಯವಸ್ಥೆಯ ತಪ್ಪನ್ನೆಲ್ಲ ಒಂದು ಸಂಗೀತ ಪ್ರಕಾರದ ತಲೆಗೆ ಕಟ್ಟುವುದು ಅನ್ಯಾಯ. ಆದರೂ ಅಂದಿನ ವೇದಿಕೆಯಿಂದ ಹೊಮ್ಮಿದ ಕೋಪಕ್ಕೆ ತನ್ನ ಗುರಿ ಯಾವುದೆಂದೇ ಗೊತ್ತಿರಲಿಲ್ಲ, ಮತ್ತು ಗುರಿಯಿಲ್ಲದ ಕೋಪ ಹತ್ತಿರದಲ್ಲಿರುವ ದುರ್ಬಲರ ಮೇಲೆ ಬೀಳುತ್ತದೆ. ತಾನೇ ಬಲಿಪಶುವೆಂದು ನಂಬಿದವನು ಇನ್ನೊಬ್ಬರನ್ನು ಬಲಿಪಶುವಾಗಿಸಲು ಹಿಂಜರಿಯದೇ ಹೋಗಬಹುದು ಎಂಬುದನ್ನು ಆ ಪ್ರಕಾರ ಎಂದೂ ಗಂಭೀರವಾಗಿ ಯೋಚಿಸಲಿಲ್ಲ. ಕೆನಡಾದ ಕಿಟ್ಟಿಯಂಥ ಹುಡುಗಿಯರ ಬ್ಯಾಂಡ್ ಇದೇ ತಗ್ಗಿಸಿದ ಶ್ರುತಿಯಲ್ಲಿ ಎದುರುಮಾತು ಆಡಿದಾಗ ಅದಕ್ಕೆ ಸಿಕ್ಕ ಗಮನ ಕಡಿಮೆಯೇ.

ಈ ಆಲ್ಬಮಿನ ಒಳ್ಳೆಯ ಮಕ್ಕಳನ್ನೂ ಎಣಿಸಬೇಕು. ಬ್ರೆಜಿಲಿನ ಸೆಪಲ್ಚುರಾ 1996ರಲ್ಲಿ ಹೊರತಂದ ‘ರೂಟ್ಸ್’ ಆಲ್ಬಮನ್ನು ಇದೇ ನಿರ್ಮಾಪಕರೊಂದಿಗೆ ಇದೇ ಸ್ಟುಡಿಯೊದಲ್ಲಿ ಮುದ್ರಿಸಿತು. ಕಾರ್ನ್‌ನಿಂದ ಕಲಿತ ತಗ್ಗುದನಿಯನ್ನು ತನ್ನ ನಾಡಿನ ತಾಳಗಳಿಗೂ ಶವಾಂತೆ ಬುಡಕಟ್ಟಿನವರ ಹಾಡಿಗೂ ಜೋಡಿಸಿತು. 1999ರ ಸ್ಲಿಪ್‌ನಾಟ್ ಆಲ್ಬಮ್ ಕೂಡ ಅಲ್ಲಿಯೇ ಹುಟ್ಟಿದ್ದು. ಡೆಫ್ಟೋನ್ಸ್ ಈ ಭಾರದೊಳಗೆ ಕನಸಿನಂಥ ಮಾಧುರ್ಯವನ್ನು ಹುಡುಕಿತು. ಸಿಸ್ಟಮ್ ಆಫ್ ಎ ಡೌನ್ ಆರ್ಮೇನಿಯನ್ನರ ನರಮೇಧದ ನೆನಪನ್ನು ಹಾಡಾಗಿಸಿತು, ಅಂದರೆ ಕೋಪಕ್ಕೆ ಇತಿಹಾಸದ ಗುರಿಯನ್ನು ಒದಗಿಸಿತು. 2000ದಲ್ಲಿ ಬಂದ ಲಿಂಕಿನ್ ಪಾರ್ಕ್‌ನ ಮೊದಲ ಆಲ್ಬಮ್ ಒಂದೇ ಒಂದು ಅಶ್ಲೀಲ ಪದವಿಲ್ಲದೆ, ಯಾರನ್ನೂ ಹೀನಾಯ ಮಾಡದೆ, ಇದೇ ಒಳನೋವನ್ನು ಕೋಟ್ಯಂತರ ಕೇಳುಗರಿಗೆ ಮುಟ್ಟಿಸಿತು. ಹಗೆ ಇಲ್ಲದೆಯೂ ಈ ಸಂಗೀತ ಸಾಧ್ಯವಿತ್ತು ಎನ್ನುವುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಇಂದು ಏಳು, ಎಂಟು ತಂತಿಯ ಗಿಟಾರುಗಳು ಮೆಟಲಿನ ಹಲವು ಶಾಖೆಗಳಲ್ಲಿ ತೀರ ಸಹಜವಾಗಿವೆ. ಹಿಂದೆ ಕಾರ್ನ್ ಸದಸ್ಯರು ತೊಡುತ್ತಿದ್ದ ಟ್ರ್ಯಾಕ್‌ಸೂಟ್ ನೋಡಿ ಮೂಗು ಮುರಿದ ಕಾಲವೊಂದಿತ್ತು. 2023ರಲ್ಲಿ ಅಡಿಡಾಸ್ ಸಂಸ್ಥೆಯೇ ಆ ಬ್ಯಾಂಡಿನ ಹೆಸರಿನಲ್ಲಿ ಉಡುಪುಗಳನ್ನು ಹೊರತಂದಿತು.

ಕೊರತೆಗಳನ್ನು ಮುಚ್ಚಿಡುವುದಿಲ್ಲ. ಎಂಟರಿಂದ ಹತ್ತರವರೆಗಿನ ಹಾಡುಗಳು ಒಂದೇ ಪಡಿಯಚ್ಚಿನವು. ಮೆಲ್ಲಗಿನ ಚರಣ, ಸ್ಫೋಟಿಸುವ ಪಲ್ಲವಿ, ಮತ್ತೆ ಮೆಲ್ಲಗಿನ ಚರಣ ಎಂಬ ಕ್ರಮ ಅಲ್ಲಿ ದಣಿವು ತರಿಸುತ್ತದೆ. ಆ ಮೂರರಲ್ಲಿ ಎರಡನ್ನು ಬಿಟ್ಟಿದ್ದರೆ ಆಲ್ಬಮ್ ಹೆಚ್ಚು ಬಿಗಿಯಾಗುತ್ತಿತ್ತು. ‘ಡ್ಯಾಡಿ’ ಮುಗಿದು ಕೆಲವು ನಿಮಿಷಗಳ ನಿಶ್ಶಬ್ದದ ನಂತರ ಕೇಳಿಬರುವ ಜಗಳದ ಮುದ್ರಣ, ಆ ಹಾಡಿನ ಗಾಂಭೀರ್ಯಕ್ಕೆ ತಕ್ಕುದಲ್ಲ. ಬಿಡುಗಡೆಯಾದ ಕಾಲದಲ್ಲಿ ಇದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 72ನೇ ಸ್ಥಾನಕ್ಕಿಂತ ಮೇಲೇರಲಿಲ್ಲ. ಊರೂರು ಸುತ್ತಿ ನುಡಿಸಿ ಕೇಳುಗರನ್ನು ಗಳಿಸಿದ ಆಲ್ಬಮ್ ಇದು.

ಕೊಳ್ಳುವವರಿಗೆ ಕೆಲವು ಸೂಚನೆಗಳು. ಮೊಬೈಲ್ ಫೋನಿನ ಸಣ್ಣ ಸ್ಪೀಕರಿನಲ್ಲಿ ಇದನ್ನು ಕೇಳಿ ತೀರ್ಪು ಕೊಡಬಾರದು, ಏಕೆಂದರೆ 55 ಹರ್ಟ್ಸ್‌ನ ಸ್ವರವನ್ನು ಅದು ನುಡಿಸಲಾರದು, ಉಳಿಯುವುದು ಬರೀ ಕಟಕಟ ಸದ್ದು. ಒಳ್ಳೆಯ ಹೆಡ್‌ಫೋನ್ ಅಥವಾ ತಳದನಿಯನ್ನು ಸರಿಯಾಗಿ ನುಡಿಸುವ ಸ್ಪೀಕರ್ ಬೇಕು. ಹೊಸಬರು ಮೊದಲು ‘ಬ್ಲೈಂಡ್’, ಆಮೇಲೆ ‘ಕ್ಲೌನ್’, ಆಮೇಲೆ ‘ಶೂಟ್ಸ್ ಆ್ಯಂಡ್ ಲ್ಯಾಡರ್ಸ್’ ಕೇಳಿ, ಒಗ್ಗಿದರೆ ಇಡೀ ಆಲ್ಬಮಿಗೆ ಬರಬಹುದು. ದೌರ್ಜನ್ಯದ ನೆನಪುಗಳನ್ನು ಹೊತ್ತಿರುವವರು ಕೊನೆಯ ಹಾಡನ್ನು ಒಬ್ಬರೇ ಇರುವಾಗ ಕೇಳದಿರುವುದು ಒಳ್ಳೆಯದು. ಹನ್ನೊಂದನೆಯ ಹಾಡಿಗೇ ನಿಲ್ಲಿಸಿದರೂ ಆಲ್ಬಮಿನ ಸಂಗೀತದಲ್ಲಿ ಅವರು ಕಳೆದುಕೊಳ್ಳುವುದು ಹೆಚ್ಚೇನೂ ಇಲ್ಲ.